ಪೊಲೀಸ್ ಶ್ವಾನದಳಕ್ಕೆ ನಮ್ಮ ಸ್ಕೂಲ್ ಮಕ್ಕಳ ಭೇಟಿ: ಹೋಗೋ ಪ್ಲಾನ್ ಇರೋ ಟೀಚರ್‌ಗಳು ಓದಿ

ಎಂಟು ಒಂಬತ್ತನೇ ಕ್ಲಾಸ್ ಮಕ್ಕಳನ್ನ ಒಂದು ದಿನದ ಹೊರಸಂಚಾರಕ್ಕೆ ಎಲ್ಲಿಗೆ ಕರ್ಕೊಂಡು ಹೋಗೋಣ ಅಂತ ಯಾರಾದ್ರೂ ಟೀಚರ್ ಕೇಳಿದ್ರೆ ನಾನು ಇನ್ಮೇಲೆ ಯೋಚ್ನೆನೇ ಮಾಡದೆ ಹೇಳೋದು ಒಂದೇ, ನಿಮ್ಮ ಜಿಲ್ಲಾ ಕೇಂದ್ರದ ಪೊಲೀಸ್ ಶ್ವಾನದಳ. ನಮ್ಗೆ ಟಿಕೆಟ್ ಇರ್ಲಿಲ್ಲ, ಫೀಸ್ ಇರ್ಲಿಲ್ಲ, ಬಸ್ ಖರ್ಚು ಬಿಟ್ರೆ ಬೇರೇನೂ ಆಗ್ಲಿಲ್ಲ, ಮಕ್ಕಳು ಬಂದ್ಮೇಲೆ ವಾರಗಟ್ಟಲೆ ಅದೇ ಮಾತು. ಆದ್ರೆ ಸುಮ್ನೆ ಹೋಗಿ ನಾಯಿ ರಿಂಗ್ ಒಳಗೆ ಹಾರೋದು ನೋಡಿ ಚಪ್ಪಾಳೆ ಹೊಡ್ದು ಬಂದ್ರೆ ಅರ್ಧ ಮಾತ್ರ ನೋಡ್ದಂಗೆ, ಅದಕ್ಕೇ ಇಷ್ಟು ಉದ್ದ ಬರೀತಾ ಇದೀನಿ. ನಮ್ಮದು ಮಧ್ಯ ಕರ್ನಾಟಕದ ಒಂದು ಸರ್ಕಾರಿ ಹೈಸ್ಕೂಲು, ಅಲ್ಲಿನ ಸಿಬ್ಬಂದಿ ಹೆಸರು, ನಾಯಿಗಳ ಹೆಸರು, ಫೋಟೋ ಯಾವ್ದೂ ಹಾಕ್ಬೇಡಿ ಅಂತ ಕೇಳ್ಕೊಂಡಿದಾರೆ, ಹಾಗಾಗಿ ಊರು ಹೇಳಲ್ಲ.

ಪರ್ಮಿಷನ್ ವಿಷಯ ಬೇಗ ಹೇಳ್ಬಿಡ್ತೀನಿ. ಹೆಡ್ ಮಾಸ್ಟರ್ ಸಹಿ ಇರೋ ಲೆಟರ್ ಎಸ್‌ಪಿ ಆಫೀಸಿಗೆ, ಅದ್ರ ಕಾಪಿ ಬಿಇಒ ಆಫೀಸಿಗೆ, ಪೇರೆಂಟ್ಸ್ ಒಪ್ಪಿಗೆ ಪತ್ರ ನಮ್ಮ ಹತ್ರ. ಡೇಟ್ ಮಾತ್ರ ಅವ್ರು ಹೇಳಿದ್ದೇ ಫೈನಲ್, ಯಾಕಂದ್ರೆ ವಿಐಪಿ ಬಂದೋಬಸ್ತ್ ಬಂದ್ರೆ ಬಾಂಬ್ ನಾಯಿ ಹೋಗ್ಲೇಬೇಕು, ರಾತ್ರಿ ಎಲ್ಲಾದ್ರೂ ಕಳ್ಳತನ ಆದ್ರೆ ಕ್ರೈಂ ನಾಯಿ ಬೆಳಗಿನ ಜಾವಕ್ಕೇ ಜೀಪ್ ಹತ್ತಿರುತ್ತೆ. ನಮ್ದೂ ಒಂದ್ಸಲ ಕ್ಯಾನ್ಸಲ್ ಆಯ್ತು. ಮಕ್ಕಳಿಗೆ ಬೇಜಾರಾಯ್ತು ಆದ್ರೆ ಅದನ್ನೂ ಅವ್ರು ತಿಳ್ಕೊಳ್ಳೋದು ಒಳ್ಳೇದೇ, ಅಲ್ಲಿರೋದು ಡ್ಯೂಟಿ ಮೇಲಿರೋ ನಾಯಿಗಳು, ನಮ್ಗೋಸ್ಕರ ಕಾಯ್ತಾ ಕೂತಿರಲ್ಲ.

ಹೋದ ತಕ್ಷಣ ನಡೆಯೋದು ಡೆಮೊ. ಸಾಲಾಗಿ ಬಂದು ಸೆಲ್ಯೂಟ್, ಸಿಟ್, ಡೌನ್, ಸ್ಟೇ, ಹೀಲ್ (ಕಾಲ ಪಕ್ಕದಲ್ಲೇ ನಡೆಯೋದು), ಆಮೇಲೆ ಹರ್ಡಲ್ಸ್, ಕೊನೇಲಿ ರಿಂಗ್. ಚೆನ್ನಾಗೇ ಮಾಡ್ತಾರೆ, ಮಕ್ಕಳು ಕುಣಿದಾಡಿಬಿಟ್ರು. ನಂಗೆ ಅದ್ರಲ್ಲಿ ಇಷ್ಟ ಆಗಿದ್ದು ರಿಂಗ್ ಅಲ್ಲ, ಸ್ಟೇ. ಹ್ಯಾಂಡ್ಲರ್ ಸರ್, ಅಂದ್ರೆ ಆ ನಾಯಿನ ನೋಡ್ಕೊಂಡು ಕೆಲಸ ಮಾಡಿಸೋ ಪೊಲೀಸ್, ನಾಯಿನ ಗ್ರೌಂಡ್ ಮಧ್ಯ ಕೂರಿಸಿ ಬೆನ್ನು ತಿರುಗಿಸಿ ದೂರ ನಡ್ಕೊಂಡು ಹೋಗ್ಬಿಟ್ರು, ಇನ್ನೊಬ್ರು ಅದ್ರ ಮೂಗಿನ ಮುಂದೆನೇ ಒಂದು ಪೀಸ್ ಚಿಕನ್ ಇಟ್ರು, ಅದು ಮುಖ ಪಕ್ಕಕ್ಕೆ ತಿರುಗಿಸ್ತು ಅಷ್ಟೇ. ಜೊಲ್ಲು ಸುರೀತಿದೆ, ಅಲುಗಾಡ್ಲಿಲ್ಲ. ಬೇರೆಯವ್ರು ಹಾಕಿದ್ದು ತಿನ್ಬಾರ್ದು ಅಂತ ಇದಕ್ಕೆ ಅಂತಾನೇ ಟ್ರೈನಿಂಗ್ ಇದೆ, ವಿಷ ಹಾಕೋರು ಇರ್ತಾರಲ್ಲ ಅದಕ್ಕೆ. ಟೈಮ್ ಕಮ್ಮಿ ಇದೆ ಅಂದ್ರೆ ಹರ್ಡಲ್ಸ್ ಬಿಟ್ಟು ಇದನ್ನ ತೋರ್ಸಿ ಅಂತ ಕೇಳಿ.

ಆಮೇಲೆ ನಡೆದದ್ದೇ ಅಸಲಿ ವಿಷಯ. ಐದಾರು ಒಂದೇ ಥರದ ಬ್ಯಾಗ್ ಸಾಲಾಗಿ ಇಟ್ರು, ಒಂದ್ರಲ್ಲಿ ಮಾತ್ರ ಸ್ಫೋಟಕದ ವಾಸನೆ ಇರೋ ಸ್ಯಾಂಪಲ್, ಯಾವ್ದು ಅಂತ ಮಕ್ಕಳಿಗೂ ಗೊತ್ತಿಲ್ಲ, ಹ್ಯಾಂಡ್ಲರ್‌ಗೂ ಗೊತ್ತಿಲ್ಲ, ಇಟ್ಟೋರು ಆಚೆ ಹೋಗಿ ನಿಂತ್ರು. ಹ್ಯಾಂಡ್ಲರ್‌ಗೆ ಗೊತ್ತಿದ್ರೆ ಅವರ ಕಾಲು ನಿಧಾನ ಆಗೋದನ್ನೇ ನೋಡಿ ನಾಯಿ ಅಲ್ಲಿ ಕೂತ್ಬಿಡುತ್ತಂತೆ, ಅಷ್ಟು ಸೂಕ್ಷ್ಮ. ಲ್ಯಾಬ್ರಡಾರ್ ಬಂತು. ಒಂದನೇ ಬ್ಯಾಗ್, ಎರಡನೇದು, ಮೂರನೇದು ದಾಟಿ ಹೋಯ್ತು, ದಾಟಿ ಎರಡು ಹೆಜ್ಜೆ ಹೋದ್ಮೇಲೆ ಕುತ್ತಿಗೆ ಮಾತ್ರ ಹಿಂದಕ್ಕೆ ತಿರುಗ್ತು, ಬಾಯಿ ಮುಚ್ಕೊಂಡು ಮೂಗಿನ ಉಸಿರು ಜೋರಾಯ್ತು, ವಾಪಸ್ ಬಂದು ಮೂರನೇ ಬ್ಯಾಗ್ ಜಿಪ್ ಹತ್ರ ಮೂಗಿಟ್ಟು ಟಪ್ ಅಂತ ಕೂತ್ಕೊಂತು. ಬೊಗಳಲಿಲ್ಲ, ಕೆರೀಲಿಲ್ಲ, ಸುಮ್ನೆ ಕೂತು ಹ್ಯಾಂಡ್ಲರ್ ಮುಖ ನೋಡ್ತು. ಯಾಕೆ ಬೊಗಳಲ್ಲ ಅಂತ ಒಬ್ಬ ಹುಡುಗ ಕೇಳ್ದ. ಬಾಂಬ್ ಹತ್ರ ಕೆರೆದ್ರೆ ಏನಾಗುತ್ತೆ ನೀನೇ ಹೇಳು ಅಂದ್ರು ಸರ್, ಅಷ್ಟಕ್ಕೇ ಇಡೀ ಗುಂಪಿಗೆ ಅರ್ಥ ಆಯ್ತು.

ಬಹುಮಾನ ಏನು ಅಂದ್ರೆ ಒಂದು ಹಳೇ ಟೆನಿಸ್ ಬಾಲ್. ಜೇಬಿಂದ ತೆಗೆದು ಹುಲ್ಲಿಗೆ ಎಸೆದ್ರು, ಅದು ಹೋಗಿ ಕಣ್ಣಲ್ಲಿ ಹುಡುಕ್ಲೇ ಇಲ್ಲ, ಮೂಗಲ್ಲೇ ಹುಡುಕಿ ತಂತು. ಗಾಂಜಾ ನಾಯಿಗೆ ಮೊದ್ಲು ಗಾಂಜಾ ತಿನ್ನಿಸಿ ಚಟ ಹತ್ತಿಸ್ತಾರೆ, ಅದಕ್ಕೇ ಹುಡುಕುತ್ತೆ ಅಂತ ಊರಲ್ಲಿ ಎಷ್ಟೋ ಜನ ನಂಬಿದಾರೆ, ನಮ್ಮ ಮಕ್ಕಳೂ ಅದನ್ನೇ ಕೇಳಿದ್ರು. ಶುದ್ಧ ಸುಳ್ಳು. ನಾಯಿ ಹುಡುಕೋದು ಆ ಬಾಲನ್ನ, ಆಟನ್ನ. ಈ ವಾಸನೆ ಸಿಕ್ಕಿದ್ರೆ ನಮ್ಮ ಸರ್ ಬಾಲ್ ಕೊಡ್ತಾರೆ, ಬೆನ್ನು ತಟ್ತಾರೆ, ಅದಕ್ಕೆ ಗೊತ್ತಿರೋದು ಅಷ್ಟೇ. ಇನ್ನೊಂದು ವಿಷಯ, ಬಾಂಬ್ ಹುಡುಕೋ ನಾಯಿಗೆ ಮಾದಕ ವಸ್ತು ಕಲಿಸಲ್ಲ, ಅದಕ್ಕೆ ಬೇರೆ ನಾಯಿ. ಒಂದೇ ನಾಯಿಗೆ ಎರಡೂ ಕಲಿಸಿದ್ರೆ ಅದು ಕೂತಾಗ ಒಳಗಿರೋದು ಗಾಂಜಾನೋ ಬಾಂಬೋ ಅಂತ ಮನುಷ್ಯರಿಗೆ ಹೇಗೆ ಗೊತ್ತಾಗ್ಬೇಕು? ಮುಂಬೈ ಪೊಲೀಸರ ಝಂಜೀರ್ ಅನ್ನೋ ಲ್ಯಾಬ್ರಡಾರ್ ಕಥೆ ನಾನು ಬಸ್ಸಲ್ಲೇ ಮಕ್ಕಳಿಗೆ ಹೇಳಿದ್ದೆ, 1993ರ ಸರಣಿ ಸ್ಫೋಟದ ಟೈಮಲ್ಲಿ 3,000 ಕಿಲೋಗೂ ಜಾಸ್ತಿ ಆರ್‌ಡಿಎಕ್ಸ್ ಸ್ಫೋಟಕ ಹುಡುಕಿಕೊಟ್ಟ ನಾಯಿ ಅದು, 2000ದಲ್ಲಿ ಸತ್ತಾಗ ಪೊಲೀಸ್ ಗೌರವದಿಂದಾನೇ ಮಣ್ಣು ಮಾಡಿದ್ರು. ಬ್ಯಾಗ್ ಮುಂದೆ ಕೂತಿರೋ ನಾಯಿ ನೋಡಿದ್ಮೇಲೆ ಆ ಕಥೆ ಮಕ್ಕಳಿಗೆ ಸರಿಯಾಗಿ ತಲೆಗೆ ಹೋಯ್ತು.

ಕ್ರೈಂ ನಾಯಿ, ಅಂದ್ರೆ ವಾಸನೆ ಹಿಡಿದು ಓಡೋ ಟ್ರ್ಯಾಕರ್, ಡಾಬರ್‌ಮನ್. ನಮ್ಮ ಕಡೆ ಡಾಬರ್‌ಮನ್ ಅಂದ್ರೆ ಎಲ್ರೂ ಹೇಳೋದು ದಾವಣಗೆರೆ ಜಿಲ್ಲೆಯ ಪೊಲೀಸ್ ನಾಯಿ ತುಂಗಾ ಹೆಸರು, 2020ರಲ್ಲಿ ಒಂದು ಕೊಲೆ ಕೇಸಲ್ಲಿ ಸುಮಾರು 12 ಕಿಲೋಮೀಟರ್ ಓಡಿ ಆರೋಪಿ ಸುಳಿವು ಕೊಟ್ಟಿದ್ದು. ಇಲ್ಲಿ ನಮ್ಗೆ ಸಣ್ಣದಾಗಿ ತೋರ್ಸಿದ್ರು. ಒಬ್ಬ ಹುಡುಗನ ಕರ್ಚೀಫ್ ಇಕ್ಕಳದಲ್ಲಿ ಹಿಡಿದು ನಾಯಿಗೆ ಮೂಸಿಸಿದ್ರು, ಅವನು ಮೊದ್ಲೇ ಶೆಡ್ ಹಿಂದೆ ಹೋಗಿ ಬೇರೆ ಮಕ್ಕಳ ಜೊತೆ ನಿಂತಿದ್ದ. ಕಾಲರ್ ಬಿಚ್ಚಿ ಹಾರ್ನೆಸ್ (ಎದೆ ಸುತ್ತ ಕಟ್ಟೋ ಪಟ್ಟಿ) ಹಾಕಿದ ಕೂಡ್ಲೇ ನಾಯಿ ಪೂರ್ತಿ ಬದಲಾಯ್ತು, ಅದಕ್ಕೆ ಹಾರ್ನೆಸ್ ಅಂದ್ರೆ ಕೆಲಸ ಶುರು ಅಂತ. ಮೂಗು ನೆಲಕ್ಕೆ ಹಚ್ಚಿ ಅಂಕುಡೊಂಕಾಗಿ ಹೋಯ್ತು, ನೇರ ಹೋಗ್ಲಿಲ್ಲ, ಯಾಕಂದ್ರೆ ಅವನೂ ನೇರ ಹೋಗಿರ್ಲಿಲ್ಲ, ನಲ್ಲಿ ಹತ್ರ ನೀರು ಕುಡ್ಯಕ್ಕೆ ಹೋಗಿ ಆಮೇಲೆ ಶೆಡ್ ಕಡೆ ಹೋಗಿದ್ದ. ನಾಯಿನೂ ನಲ್ಲಿ ಹತ್ರ ಹೋಗಿ ತಿರುಗಿ ಶೆಡ್ಡಿಗೆ ಬಂತು! ಮಕ್ಕಳು ಬಾಯಿ ಬಿಟ್ಕೊಂಡು ನಿಂತ್ರು, ನಾನೂ ನಿಂತೆ.

ಆಗ ಅಲ್ಲಿನ ಆರ್‌ಎಸ್‌ಐ (ರಿಸರ್ವ್ ಸಬ್ ಇನ್ಸ್‌ಪೆಕ್ಟರ್) ಸರ್ ಹೇಳಿದ್ದು ಪ್ರತಿಯೊಬ್ರೂ ಕೇಳ್ಬೇಕಾದ ಮಾತು. ನಮ್ಮ ಊರುಗಳಲ್ಲಿ ಕಳ್ಳತನ ಆಯ್ತು ಅಂದ್ರೆ ಪೊಲೀಸ್ ಬರೋ ಮುಂಚೆ ಇಡೀ ಬೀದಿ ಮನೆ ಒಳಗೆ ಹೋಗಿ ನೋಡ್ಕೊಂಡು ಬಂದಿರುತ್ತೆ, ಬೀರು ಬಾಗಿಲು ಹತ್ತು ಜನ ಮುಟ್ಟಿರ್ತಾರೆ, ಯಾರೋ ಪಾಪ ಒಳ್ಳೇ ಮನಸ್ಸಿಂದ ನೆಲನೂ ಒರೆಸಿರ್ತಾರೆ. ಕಳ್ಳ ನಿಂತ ಜಾಗದ ವಾಸನೆ ಮೇಲೆ ನೂರು ಕಾಲಿನ ವಾಸನೆ ಬಿದ್ಮೇಲೆ ನಾಯಿ ಏನು ಮಾಡ್ಬೇಕು? ಮಳೆ ಬಂದ್ರೆ ಕಷ್ಟ, ಉರಿ ಬಿಸಿಲಿಗೆ ಕಾದ ಡಾಂಬರ್ ರಸ್ತೆ ಕಷ್ಟ, ಕಳ್ಳ ಬೈಕ್ ಹತ್ತಿದ್ರೆ ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತೆ. ನಾಯಿ ಬಸ್ ಸ್ಟ್ಯಾಂಡ್ ತನಕ ಹೋಗಿ ನಿಂತ್ಬಿಡ್ತು ಅಂತ ಪೇಪರಲ್ಲಿ ಓದ್ತೀವಲ್ಲ, ನಾಯಿ ಸೋತಿದ್ದಲ್ಲ ಅದು, ಕಳ್ಳ ಅಲ್ಲಿಂದ ಗಾಡಿ ಹತ್ತಿದಾನೆ ಅನ್ನೋ ಸುಳಿವು ಅದು. ನಮ್ಮ ಮಕ್ಕಳು ಈ ಪಾಯಿಂಟನ್ನ ಮನೇಲೂ ಹೇಳಿದಾರೆ, ಪೇರೆಂಟ್ಸ್ ಮೀಟಿಂಗಲ್ಲಿ ಒಬ್ಬ ತಾಯಿ ನಂಗೇ ವಾಪಸ್ ಹೇಳಿದ್ರು.

ಸೈನ್ಸ್ ಟೀಚರ್‌ಗಳಿಗೆ ಒಂದು ವಿಷಯ. ಒಣ ಮಣ್ಣಲ್ಲಿ ನಾಯಿ ಮೂಸುವಾಗ ಹತ್ರದಿಂದ ನೋಡೋಕೆ ಮಕ್ಕಳಿಗೆ ಹೇಳಿ. ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿ ಒಬ್ಳು ಗಮನಿಸಿದ್ಳು, ಧೂಳು ಮುಂದಕ್ಕೆ ಹಾರ್ತಿಲ್ಲ ಮಿಸ್, ಮೂಗಿನ ಎರಡೂ ಪಕ್ಕದಿಂದ ಹಿಂದಕ್ಕೆ ಹಾರ್ತಿದೆ ಅಂತ. ನಿಜ, ನಾಯಿ ಮೂಗಿನ ಪಕ್ಕದಲ್ಲಿ ಸೀಳು ಇರುತ್ತೆ, ಉಸಿರು ಅಲ್ಲಿಂದ ಆಚೆ ಹೋಗುತ್ತೆ, ಹಾಗಾಗಿ ಬಿಡೋ ಗಾಳಿ ಮುಂದಿರೋ ವಾಸನೆನ ಚದುರಿಸಲ್ಲ. ನಮ್ಮ ಮೂಗಲ್ಲಿ ವಾಸನೆ ಹಿಡಿಯೋ ಜೀವಕೋಶ ಸುಮಾರು 50-60 ಲಕ್ಷ, ಅದಕ್ಕೆ 20 ಕೋಟಿಗೂ ಮೇಲೆ. ಈ ಅಂಕಿ ಬೋರ್ಡ್ ಮೇಲೆ ಬರೆದ್ರೆ ಮಕ್ಕಳು ಬರ್ಕೊಂಡು ಮರೀತಾರೆ, ಆ ಧೂಳು ನೋಡಿದ ಹುಡುಗಿ ಮರೆಯಲ್ಲ.

ಕೆನಲ್ ಸಾಲು ದೂರದಿಂದ ಮಾತ್ರ ತೋರ್ಸಿದ್ರು, ಸರಿಯಾಗೇ ಮಾಡಿದ್ರು, ಅದು ಅವು ರೆಸ್ಟ್ ಮಾಡೋ ಜಾಗ. ಹ್ಯಾಂಡ್ಲರ್‌ಗಳ ಜೊತೆ ಮಾತಿಗೆ ಕೂತಿದ್ದೇ ನಂಗೆ ಅತಿ ಇಷ್ಟ ಆದ ಭಾಗ. ಮರಿ ಕೆಲವು ತಿಂಗಳದ್ದು ಇರುವಾಗ್ಲೇ ಹ್ಯಾಂಡ್ಲರ್ ಕೈಗೆ ಬರುತ್ತೆ, ಬೆಂಗಳೂರಿನ ಆಡುಗೋಡಿ ಸಿಎಆರ್ (ನಗರ ಸಶಸ್ತ್ರ ಮೀಸಲು ಪಡೆ) ಸೌತ್‌ನಲ್ಲಿರೋ ಟ್ರೈನಿಂಗ್‌ಗೆ ಇಬ್ರೂ ಜೊತೇಲೇ ಹೋಗ್ತಾರೆ, ನಾಯಿಗೆ ಮಾತ್ರ ಕಲಿಸಿ ಯಾರ ಕೈಗೋ ಕೊಡೋದು ಇಲ್ಲ. ದೇಶದಲ್ಲಿ ದೊಡ್ಡ ಕೇಂದ್ರ ಅಂದ್ರೆ ಗ್ವಾಲಿಯರ್ ಹತ್ರ ಟೇಕನ್‌ಪುರದ ಬಿಎಸ್‌ಎಫ್‌ದು, 1970ರಿಂದ ಇದೆ, ಅಲ್ಲಿ ಟ್ರ್ಯಾಕರ್ ಕೋರ್ಸ್ 36 ವಾರ, ಸ್ಫೋಟಕದ್ದು 24 ವಾರ. ನಮ್ಮ ಬೆಂಗಳೂರು ಪಕ್ಕದ ತರಳುನಲ್ಲಿ ಸಿಆರ್‌ಪಿಎಫ್‌ದೂ ಒಂದಿದೆ, ಬೆಲ್ಜಿಯನ್ ಮ್ಯಾಲಿನೋಯ್ಸ್ ತಳಿಗೆ ಹೆಸರುವಾಸಿ. ಕೋರ್ಸ್ ಮುಗಿದ್ರೆ ಮುಗೀತು ಅಂತಲ್ಲ, ದಿನಾ ಬೆಳಿಗ್ಗೆ ಪ್ರಾಕ್ಟೀಸ್ ಆಗ್ಲೇಬೇಕು, ಬ್ರಷ್ ಹಾಕ್ಬೇಕು, ಕಿವಿ ಉಗುರು ಪಾದ ನೋಡ್ಬೇಕು, ಮೈಗೆ ಹತ್ತಿರೋ ಉಣ್ಣೆ ಹುಳ ಕಿತ್ತು ಹಾಕ್ಬೇಕು, ನಾಯಿಗೆ ಜ್ವರ ಬಂದ್ರೆ ಅವತ್ತು ಹ್ಯಾಂಡ್ಲರ್‌ಗೂ ಊಟ ಸೇರಲ್ಲ. ಹಬ್ಬಕ್ಕೆ ಊರಿಗೆ ಹೋದ್ರೂ ಸಂಜೆ ಫೋನ್ ಮಾಡಿ ತಿಂತಾ ಇಲ್ವಾ ಅಂತ ಕೇಳ್ತೀನಿ ಮೇಡಂ, ಮನೇಲಿ ಹೆಂಡ್ತಿ ಬೈತಾಳೆ ಅಂದ್ರು ಒಬ್ಬ ಎಎಚ್‌ಸಿ (ಸಶಸ್ತ್ರ ಪಡೆಯ ಹೆಡ್ ಕಾನ್‌ಸ್ಟೇಬಲ್). ಮಾತಾಡ್ತಾ ಮಾತಾಡ್ತಾ ಅವರ ಕೈ ತಾನಾಗೇ ನಾಯಿ ಕಿವಿ ಹಿಂದೆ ಕೆರೀತಾ ಇತ್ತು, ಅದು ಅವರ ಬೂಟಿನ ಮೇಲೆ ಗಲ್ಲ ಇಟ್ಟು ಮಲಗಿತ್ತು.

ನಮ್ಮ ದೇಶದ ನಾಯಿ ಯಾಕಿಲ್ಲ ಸರ್, ಮುಧೋಳ ನಾಯಿ ಇದ್ಯಲ್ಲ ಅಂತ ಒಬ್ಬ ಕೇಳ್ದ, ಒಳ್ಳೇ ಪ್ರಶ್ನೆ. ಬಾಗಲಕೋಟೆ ಜಿಲ್ಲೆ ಮುಧೋಳದ ಆ ನಾಯಿ ಮೇಲೆ 2005ರಲ್ಲಿ ಅಂಚೆಚೀಟಿನೇ ಬಂದಿದೆ, 2016ರಲ್ಲಿ ಸೈನ್ಯದವ್ರು ಮರಿಗಳನ್ನ ಮೀರತ್‌ಗೆ ತಗೊಂಡು ಹೋಗಿ ಟ್ರೈನಿಂಗ್ ಕೊಟ್ಟಿದಾರೆ. ಮೂಲತಃ ಅದು ಕಣ್ಣಲ್ಲಿ ನೋಡಿ ಅಟ್ಟಿಸ್ಕೊಂಡು ಹೋಗೋ ಬೇಟೆ ನಾಯಿ, ಓಟದಲ್ಲಿ ಅದನ್ನ ಹಿಡಿಯೋದು ಕಷ್ಟ, ಆದ್ರೆ ಬ್ಯಾಗ್ ಬ್ಯಾಗ್ ಮೂಸ್ತಾ ಜನಸಂದಣಿ ಮಧ್ಯ ತಾಳ್ಮೆಯಿಂದ ಕೆಲಸ ಮಾಡೋ ವಿಷಯದಲ್ಲಿ ಲ್ಯಾಬ್ರಡಾರ್ ಸ್ವಭಾವ ಬೇರೆ. ಕೆಲಸಕ್ಕೆ ತಕ್ಕ ತಳಿ ಅಂತ ಸರ್ ಸಮಾಧಾನವಾಗಿ ಹೇಳಿದ್ರು.

ನಾನು ನಿರೀಕ್ಷೆ ಮಾಡಿರ್ದೇ ಸಿಕ್ಕ ಲಾಭ ಬೀದಿನಾಯಿ ವಿಷಯ. ನಮ್ಮ ಮಕ್ಕಳು ಬೆಳಿಗ್ಗೆ ನಡ್ಕೊಂಡು ಬರೋ ದಾರೀಲಿ ನಾಯಿ ಹಿಂಡು ಇರುತ್ತೆ, ಇಬ್ರು ಮೂವರು ಹೆದ್ರಿ ಲೇಟಾಗಿ ಬರೋರು. ಹ್ಯಾಂಡ್ಲರ್ ಒಬ್ರು ನಿಂತು ಮಾಡಿ ತೋರ್ಸಿದ್ರು: ಓಡ್ಬೇಡಿ, ಕಿರುಚ್ಬೇಡಿ, ಕಣ್ಣಿಗೆ ಕಣ್ಣಿಟ್ಟು ದುರುಗುಟ್ಟಬೇಡಿ, ಕೈ ಕಟ್ಕೊಂಡು ನಿಂತ್ಕೊಳ್ಳಿ, ಮೂಸಿ ಹೋಗ್ಲಿ, ಆಮೇಲೆ ನಿಧಾನಕ್ಕೆ ಹಿಂದೆ ಸರೀರಿ. ಕಚ್ಚಿದ್ರೆ ಗಾಯನ ಹರಿಯೋ ನೀರಲ್ಲಿ ಸೋಪ್ ಹಾಕಿ 15 ನಿಮಿಷ ತೊಳೀರಿ, ಸುಣ್ಣ ಖಾರದಪುಡಿ ಹಚ್ಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರು ಮಾಡಿ, ಹೇಳಿದ ಡೇಟಿಗೆಲ್ಲಾ ಹೋಗಿ ಕೋರ್ಸ್ ಮುಗಿಸಿ. ರೇಬಿಸ್ ಲಕ್ಷಣ ಶುರು ಆದ್ಮೇಲೆ ಉಳಿಸಕ್ಕೆ ಆಗೋದೇ ಇಲ್ಲ ಅನ್ನಬಹುದು. ಇದನ್ನ ನಾನು ಕ್ಲಾಸಲ್ಲಿ ಹೇಳಿದ್ರೆ ಪಾಠ, ಜರ್ಮನ್ ಶೆಫರ್ಡ್ ಪಕ್ಕ ನಿಲ್ಸಿಕೊಂಡು ಪೊಲೀಸ್ ಸರ್ ಹೇಳಿದ್ರೆ ಕಿವಿ ನೆಟ್ಟಗಾಗುತ್ತೆ. ಆ ಮಕ್ಕಳು ಈಗ ಟೈಮಿಗೆ ಬರ್ತಿದಾರೆ.

ಕೊರತೆಗಳೂ ಇವೆ. ಮಕ್ಕಳು ಕೂರೋಕೆ ನೆರಳಿಲ್ಲ, ಹತ್ತು ಗಂಟೆ ಮೇಲೆ ಗ್ರೌಂಡ್ ಕಾದ ಹೆಂಚು, ನಾಯಿಗಳ ಪಾದಕ್ಕೂ ಅದು ಒಳ್ಳೇದಲ್ಲ ಅಂತ ಅವ್ರೇ ಡೆಮೊ ಬೇಗ ಮುಗಿಸಿದ್ರು. ಹೆಣ್ಮಕ್ಕಳಿಗೆ ಟಾಯ್ಲೆಟ್ ತುಂಬಾ ದೂರ. ಮೈಕ್ ಇಲ್ಲ, ಹಿಂದಿನ ಸಾಲಿಗೆ ಅರ್ಧ ಮಾತು ಕೇಳಿಸ್ಲಿಲ್ಲ, ಅಷ್ಟು ಚೆನ್ನಾಗಿ ವಿವರಿಸೋ ಜನ ಇರುವಾಗ ಒಂದು ಸಣ್ಣ ಸ್ಪೀಕರ್ ಇದ್ದಿದ್ರೆ ಎಷ್ಟು ಅನುಕೂಲ. ನಮ್ಮ ಜೊತೆ ಅದೇ ದಿನ ಇನ್ನೊಂದು ಶಾಲೆ ಮಕ್ಕಳೂ ಬಂದಿದ್ರು, ಅವ್ರು ಸಿಳ್ಳೆ ಹೊಡ್ದು ನಾಯಿನ ಕರೀತಾ ಇದ್ರು, ಜೊತೆಗಿದ್ದ ಟೀಚರ್‌ಗಳು ಫೋನಲ್ಲಿ ವಿಡಿಯೋ ಮಾಡೋದ್ರಲ್ಲೇ ಇದ್ರು, ಇದು ತುಂಬಾ ಬೇಜಾರಾಯ್ತು. ಕೆಲಸ ಮಾಡ್ತಿರೋ ನಾಯಿನ ಕರೆಯೋದು, ಮುಟ್ಟೋಕೆ ಹೋಗೋದು, ಬಿಸ್ಕೆಟ್ ಎಸೆಯೋದು ಮಾಡ್ಬಾರ್ದು ಅಂತ ಹೊರಡೋ ಮುಂಚೆನೇ ಮಕ್ಕಳಿಗೆ ಗಟ್ಟಿಯಾಗಿ ಹೇಳಿರ್ಬೇಕು, ಅದು ನಮ್ಮ ಜವಾಬ್ದಾರಿ.

ಹೋಗೋರು ನವೆಂಬರ್‌ನಿಂದ ಜನವರಿ ಒಳಗೆ ಹೋಗಿ, ಬೆಳಿಗ್ಗೆ ಏಳೂವರೆಗೆ ಅಲ್ಲಿರೋ ಥರ ಬಸ್ ಹೊರಡಿಸಿ, ತಿಂಡಿ ಆಮೇಲೆ. ಒಂದ್ಸಲಕ್ಕೆ ನಲವತ್ತು ಮಕ್ಕಳಿಗಿಂತ ಜಾಸ್ತಿ ಬೇಡ, ಜಮಖಾನ ಮತ್ತು ನೀರು ನೀವೇ ತಗೊಂಡು ಹೋಗಿ. ನಾಯಿ ಅಂದ್ರೆ ತುಂಬಾ ಭಯ ಇರೋ ಮಕ್ಕಳನ್ನ ಬಿಟ್ಟು ಹೋಗ್ಬೇಡಿ, ಹಿಂದಿನ ಸಾಲಲ್ಲಿ ಟೀಚರ್ ಪಕ್ಕ ಕೂರಿಸಿ, ಮುಂದೆ ಬರ್ಬೇಕು ಅನ್ನಿಸಿದ್ರೆ ಅವ್ರೇ ಬರ್ತಾರೆ. ಮುಖ್ಯವಾಗಿ ಲೆಟರಲ್ಲೇ ಬರೀರಿ, ಡೆಮೊ ಜೊತೆಗೆ ದಿನದ ಪ್ರಾಕ್ಟೀಸ್ ನೋಡೋಕೆ ಮತ್ತೆ ಹ್ಯಾಂಡ್ಲರ್‌ಗಳ ಜೊತೆ ಅರ್ಧ ಗಂಟೆ ಮಾತಾಡೋಕೆ ಅವಕಾಶ ಕೊಡಿ ಅಂತ. ಕೇಳದೆ ಹೋದ್ರೆ ರಿಂಗ್ ತೋರ್ಸಿ ಕಳಿಸ್ತಾರೆ, ಕೇಳಿದ್ರೆ ಖುಷಿಯಿಂದ ತೋರ್ಸ್ತಾರೆ, ಅವರ ಕೆಲಸದ ಬಗ್ಗೆ ಇಷ್ಟು ಆಸಕ್ತಿಯಿಂದ ಕೇಳೋರು ಅವ್ರಿಗೂ ಕಮ್ಮಿನೇ.