ಕಾರಿನ ಮುಂಭಾಗದ ‘ಕಟಕಟ’ ಸದ್ದಿಗೆ ಕ್ಲಿಪ್ ಮೈಕ್ರೊಫೋನ್ ಸೆಟ್: ಎರಡು ಮಳೆಗಾಲಗಳ ಬಳಕೆಯ ನಂತರ

ಆರು ಕ್ಲಿಪ್ ಮೈಕ್ರೊಫೋನ್‌ಗಳು, ಅವುಗಳ ಉದ್ದನೆಯ ವೈರುಗಳು, ಚಾನೆಲ್ ಬದಲಿಸುವ ಗುಂಡಿಯಿರುವ ಪುಟ್ಟ ಪೆಟ್ಟಿಗೆ ಮತ್ತು ಒಂದು ಹೆಡ್‌ಫೋನ್: ಈ ಸೆಟ್‌ನಲ್ಲಿ ಇರುವುದು ಇಷ್ಟೇ. ಕಾರಿನ ಅಡಿಯಲ್ಲಿರುವ ಬೇರೆ ಬೇರೆ ಭಾಗಗಳಿಗೆ ಕ್ಲಿಪ್‌ಗಳನ್ನು ಕಚ್ಚಿಸಿ, ಗಾಡಿ ಓಡುತ್ತಿರುವಾಗಲೇ ಒಂದೊಂದು ಚಾನೆಲನ್ನೂ ಕೇಳುತ್ತ ಹೋಗಿ, ಸದ್ದು ಎಲ್ಲಿಂದ ಬರುತ್ತಿದೆ ಎಂದು ಗುರುತಿಸಬೇಕು. ಪುಣೆಯ ರಸ್ತೆಗಳಲ್ಲಿ ಎರಡು ಮಳೆಗಾಲ ಬಳಸಿದ ಮೇಲೆ ಇದನ್ನು ಒಳ್ಳೆಯ ಉಪಕರಣವೆಂದೇ ಹೇಳುತ್ತೇನೆ. ಆದರೆ ಇದು ಸದ್ದನ್ನು ಕೇಳಿಸುತ್ತದೆಯೇ ಹೊರತು ಸಡಿಲವಾದ ಭಾಗದ ಹೆಸರು ಹೇಳುವುದಿಲ್ಲ. ಸಸ್ಪೆನ್ಷನ್ (ಚಕ್ರಗಳನ್ನು ಗಾಡಿಗೆ ಜೋಡಿಸಿ ಕುಲುಕಾಟ ತಗ್ಗಿಸುವ ವ್ಯವಸ್ಥೆ) ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಬಲ್ಲವರು ಜೊತೆಗಿರಲೇಬೇಕು.

ನಮ್ಮ ಪೆಟ್ರೋಲ್ ಹ್ಯಾಚ್‌ಬ್ಯಾಕ್‌ನ ಮುಂದಿನ ಎಡಭಾಗದಿಂದ, ಗಂಟೆಗೆ 15–25 ಕಿ.ಮೀ. ವೇಗದಲ್ಲಿ ಕಿತ್ತುಹೋದ ಡಾಂಬರಿನ ಮೇಲೆ ಸಾಗುವಾಗ, ‘ಕಟ್ ಕಟ್’ ಎಂಬ ಸದ್ದು ಬರುತ್ತಿತ್ತು. ಒಂದು ಸರ್ವಿಸ್ ಸೆಂಟರ್‌ನವರು ಎರಡೂ ಬದಿಯ ಶಾಕ್ ಅಬ್ಸಾರ್ಬರ್ ಹಾಗೂ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಗಾಡಿಗೆ ಹಿಡಿದಿಡುವ ತೋಳು) ಬದಲಿಸಬೇಕೆಂದು ಎಸ್ಟಿಮೇಟ್ ಕೊಟ್ಟರು. ಎಡಗಡೆಯ ಶಾಕ್ ಅಬ್ಸಾರ್ಬರ್ ಅದಕ್ಕೆ ಕೆಲವೇ ತಿಂಗಳ ಹಿಂದೆ ಬದಲಾಗಿತ್ತು, ಎಲ್ಲಿಯೂ ಎಣ್ಣೆ ಸೋರಿರಲಿಲ್ಲ. ಆದ್ದರಿಂದ ಆ ಪಟ್ಟಿಯನ್ನು ಒಪ್ಪದೆ ಈ ಸೆಟ್ ಕೊಂಡು, ಪುಣೆ ಪಕ್ಕದ ಭೋಸರಿಯಲ್ಲಿ ಗ್ಯಾರೇಜು ನಡೆಸುವ ವಿಜಯಪುರ ಕಡೆಯ ಮೆಕ್ಯಾನಿಕ್ ಒಬ್ಬರ ಬಳಿ ಹೋದೆ.

ಸ್ಟ್ರಟ್ ಮೌಂಟ್ (ಶಾಕ್ ಅಬ್ಸಾರ್ಬರ್‌ನ ಮೇಲ್ತುದಿಯನ್ನು ಬಾಡಿಗೆ ಕೂರಿಸುವ ಭಾಗ), ಲೋವರ್ ಆರ್ಮ್, ಬ್ರೇಕ್ ಕ್ಯಾಲಿಪರ್ (ಬ್ರೇಕ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ), ಟೈ ರಾಡ್ ಎಂಡ್ (ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಕೀಲು) ಮತ್ತು ಸ್ಟೆಬಿಲೈಸರ್ ಬಾರನ್ನು ಸಸ್ಪೆನ್ಷನ್‌ಗೆ ಜೋಡಿಸುವ ಲಿಂಕ್ ರಾಡ್‌ನ ಎರಡು ತುದಿಗಳು, ಹೀಗೆ ಆರು ಕಡೆ ಕ್ಲಿಪ್ ಹಾಕಿದೆವು. ಅವರು ಗಾಡಿ ಓಡಿಸಿದರು, ನಾನು ಪಕ್ಕದ ಸೀಟಿನಲ್ಲಿ ಕುಳಿತು ಕೇಳಿದೆ. ಗಾಡಿ ಓಡಿಸುವವರು ಹೆಡ್‌ಫೋನ್ ಹಾಕಿಕೊಳ್ಳಲೇಬಾರದು. ಈ ವಿಷಯದಲ್ಲಿ ಯಾವ ರಿಯಾಯಿತಿಯೂ ಸಲ್ಲದು. ಆರೂ ಚಾನೆಲ್‌ಗಳಲ್ಲಿ ಸದ್ದು ಕೇಳಿಸಿತು. ಕಬ್ಬಿಣದ ಮೂಲಕ ಸದ್ದು ಸಲೀಸಾಗಿ ಹರಿಯುವುದರಿಂದ, ಎಲ್ಲಿ ಜೋರಾಗಿದೆ ಎಂಬುದಷ್ಟನ್ನೇ ನಂಬಿದರೆ ದಾರಿ ತಪ್ಪುತ್ತದೆ. ವಾಲ್ಯೂಮ್ ಬದಲಿಸದೆ ಹೋಲಿಸಿ ಕೇಳಿದಾಗ, ದೂರದ ಮೈಕ್‌ಗಳಲ್ಲಿ ಮಂದವಾದ ‘ಧಬ್’ ಎನ್ನುವ ಸದ್ದೂ, ಲಿಂಕ್ ರಾಡ್‌ನ ಮೇಲ್ತುದಿಯ ಮೈಕ್‌ನಲ್ಲಿ ಗಿಡ್ಡನೆಯ, ಹರಿತವಾದ ‘ಟಕ್’ ಎಂಬ ಪೆಟ್ಟೂ ಕೇಳಿಸಿದವು.

ಸದ್ದಿನ ಮೂಲ ಆ ತುದಿಯೇ ಎಂಬುದನ್ನು ಖಚಿತಪಡಿಸಿಕೊಳ್ಳಲು ರಸ್ತೆಯೇ ಸಾಕಾಯಿತು. ಬ್ರೇಕನ್ನು ಹಗುರವಾಗಿ ಒತ್ತಿಕೊಂಡು ಸಾಗಿದರೂ ಸದ್ದು ಬದಲಾಗಲಿಲ್ಲವಾದ್ದರಿಂದ ಕ್ಯಾಲಿಪರ್‌ನ ಮೇಲಿನ ಅನುಮಾನ ಬಹುಮಟ್ಟಿಗೆ ಕಡಿಮೆಯಾಯಿತು. ಎರಡೂ ಚಕ್ರಗಳು ಒಟ್ಟಿಗೆ ಹಂಪ್ ಹತ್ತಿದಾಗ ಸದ್ದಿರಲಿಲ್ಲ. ಒಂದೇ ಚಕ್ರ ಗುಂಡಿಗೆ ಇಳಿದಾಗ ಮಾತ್ರ ಬಂತು. ಸ್ಟೆಬಿಲೈಸರ್ ಬಾರ್ ಎಡ–ಬಲ ಚಕ್ರಗಳ ಸಸ್ಪೆನ್ಷನ್ನನ್ನು ಒಂದಕ್ಕೊಂದು ಜೋಡಿಸುತ್ತದೆ. ಎರಡೂ ಬದಿ ಸಮನಾಗಿ ಎದ್ದರೆ ಬಾರ್ ತನ್ನನ್ನು ಹಿಡಿದಿರುವ ರಬ್ಬರ್ ಬುಷ್‌ಗಳೊಳಗೆ ಸುಮ್ಮನೆ ಹೊರಳುತ್ತದೆ, ಲಿಂಕ್ ರಾಡ್‌ಗಳ ಮೇಲೆ ಹೆಚ್ಚು ಭಾರ ಬೀಳುವುದಿಲ್ಲ. ಒಂದು ಬದಿ ಮಾತ್ರ ಏರಿಳಿದಾಗ ಬಾರ್ ತಿರುಚಿಕೊಂಡು ಲಿಂಕ್ ರಾಡನ್ನು ಎಳೆದು ತಳ್ಳುತ್ತದೆ. ಅಲ್ಲಿ ಕೂದಲೆಳೆಯಷ್ಟು ಸಡಿಲವಿದ್ದರೂ ಪೆಟ್ಟು ಕೇಳಿಸುತ್ತದೆ.

ಚಕ್ರ ಬಿಚ್ಚಿ, ಲಿಂಕ್ ರಾಡ್‌ನ ಮೇಲ್ತುದಿಯ ಸ್ಟಡ್ (ಥ್ರೆಡ್ ಇರುವ ಕಡ್ಡಿ) ಮೇಲಿನ ನಟ್‌ಗೆ ಸ್ಪ್ಯಾನರ್ ಹಾಕಿದ ಮೆಕ್ಯಾನಿಕ್, “ನಟ್ ಟೈಟ್ ಐತಿ ಅನಸ್ತೈತ್ರೀ ಸರ್, ಆದ್ರ ಸ್ಟಡ್ ಅದರ ಜೋಡೀನ ತಿರಗಾಕತ್ತೈತಿ ನೋಡ್ರಿ” ಎಂದರು. ಸ್ಟಡ್‌ನ ತುದಿಗೆ ಅಲೆನ್ ಕೀ ಹಾಕಿ ಹಿಡಿದುಕೊಂಡಾಗ ನಟ್ ಮುಕ್ಕಾಲು ಸುತ್ತು ಸರಾಗವಾಗಿ ಹೊರಳಿತು. ಶಾಕ್ ಅಬ್ಸಾರ್ಬರ್ ಬದಲಿಸುವಾಗ ಲಿಂಕ್ ರಾಡ್‌ನ ಈ ತುದಿಯನ್ನು ಬಿಚ್ಚಲೇಬೇಕಾಗುತ್ತದೆ. ಮರಳಿ ಜೋಡಿಸುವಾಗ ಸ್ಟಡ್ ಹಿಡಿಯದಿದ್ದರೆ ಬಿಗಿ ಕೂರುವುದಿಲ್ಲ. ಸ್ಟಡ್ ಹಾಯುವ ಬ್ರಾಕೆಟ್‌ನ ತೂತಿನ ಸುತ್ತ ಬಣ್ಣ ಸವೆದು ಬೆಳ್ಳಗೆ ಹೊಳೆಯುವ ಉಂಗುರ ಮೂಡಿತ್ತು, ಅದರ ಅಂಚಿನಲ್ಲಿ ಕೆಂಪು ತುಕ್ಕಿನ ಪುಡಿ ಅಂಟಿತ್ತು. ನಾನು ಕಂಡ ಅತ್ಯಂತ ಸ್ಪಷ್ಟವಾದ ಸಾಕ್ಷ್ಯ ಅದು. ಸ್ಟಡ್‌ನ ಥ್ರೆಡ್ ಸವೆದಿದ್ದರಿಂದ ಪುಣೆಯ ನಾನಾ ಪೇಠದ ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ಹೊಸ ಲಿಂಕ್ ರಾಡ್, ಹೊಸ ಲಾಕ್ ನಟ್ ತಂದು, ಕೈಪಿಡಿಯಲ್ಲಿದ್ದ ಪ್ರಮಾಣಕ್ಕೆ ಟಾರ್ಕ್ ರೆಂಚ್‌ನಿಂದ (ಬಿಗಿತ ಅಳೆಯುವ ಸ್ಪ್ಯಾನರ್) ಬಿಗಿಸಿದೆವು. ಸದ್ದು ಅಂದೇ ನಿಂತಿತು. ಕಾತ್ರಜ್, ಖಂಬಾಟಕಿ ಘಾಟ್‌ಗಳನ್ನು ದಾಟಿ ಊರಿಗೆ ಹೋಗಿ ಬರುತ್ತಿದ್ದೇವೆ, ಮತ್ತೆ ಬಂದಿಲ್ಲ.

ನಂತರ ನೆರೆಮನೆಯವರ ಕಾರಿನಲ್ಲಿ, ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಬರುತ್ತಿದ್ದ ‘ಟಂಯ್’ ಸದ್ದು ಸ್ಟ್ರಟ್ ಮೌಂಟ್‌ನ ಬೇರಿಂಗಿನದು ಎಂಬುದನ್ನು ಸೆಟ್ ಬೇಗನೆ ತೋರಿಸಿತು. ಎಂಜಿನ್ ಅಡಿಯ ಪ್ಲಾಸ್ಟಿಕ್ ಕವರ್ ಗಡಗಡಿಸುವಂಥ ಸದ್ದಿಗೆ ಮಾತ್ರ ಇದು ಪ್ರಯೋಜನವಿಲ್ಲ. ಕೈಯಿಂದ ತಟ್ಟಿ ನೋಡುವುದೇ ಲೇಸು. ವೇಗ ಹೆಚ್ಚಿದಂತೆ ಗಾಳಿಯ ಮೊರೆತವೇ ಮೈಕ್ ತುಂಬುತ್ತದೆ.

ಬಾಳಿಕೆಯ ವಿಷಯದಲ್ಲಿ ದೂರುಗಳಿವೆ. ಎಣ್ಣೆ, ಕೆಸರು ಮೆತ್ತಿದ ಕಡೆ ಕ್ಲಿಪ್ ಜಾರುತ್ತದೆ, ಮೊದಲು ಬಟ್ಟೆಯಿಂದ ಒರೆಸಲೇಬೇಕು. ಎರಡನೆಯ ಮಳೆಗಾಲದಲ್ಲಿ ಒಂದು ಕ್ಲಿಪ್‌ನ ಸ್ಪ್ರಿಂಗ್ ತುಕ್ಕು ಹಿಡಿದು ಸಡಿಲವಾಯಿತು. ವೈರುಗಳನ್ನು ಡ್ರೈವ್ ಶಾಫ್ಟ್‌, ಚಕ್ರ ಮತ್ತು ಸೈಲೆನ್ಸರ್ ಪೈಪಿನಿಂದ ದೂರವಿರುವಂತೆ ಕೇಬಲ್ ಟೈ ಹಾಕಿ ಕಟ್ಟಿ, ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದ ಮೇಲೆಯೇ ಗಾಡಿ ಹೊರಡಿಸಬೇಕು. ಒಮ್ಮೆ ಮಾತ್ರ ಬೇಕಾಗುವವರು ಕೊಳ್ಳುವ ಅಗತ್ಯವಿಲ್ಲ, ಇಂಥ ಸೆಟ್ ಇರುವ ಗ್ಯಾರೇಜನ್ನು ಹುಡುಕಿದರೆ ಸಾಕು. ಕೊಳ್ಳುವವರು ವೈರಿನ ಉದ್ದವನ್ನು ಮೊದಲು ನೋಡಲಿ. ಮುಂದಿನ ಚಕ್ರದಿಂದ ಕಿಟಕಿಯ ಮೂಲಕ ಸೀಟಿನವರೆಗೆ ಬಿಗಿಯಾಗದೆ ತಲುಪದ ವೈರು ಯಾವ ಕೆಲಸಕ್ಕೂ ಬಾರದು.