ಮುಚ್ಚದ ಬಾಗಿಲು: ಎಂಜಿಬಿ ಕಾರಿನ ಜೀರ್ಣೋದ್ಧಾರಕ್ಕೆ ಕೈಹಾಕುವ ಹೊಸಬರಿಗೆ ಒಂದು ಎಚ್ಚರಿಕೆ

ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು ಬಿಡುವಿನ ವೇಳೆಯಲ್ಲಿ ತಾವೇ ಸರಿಪಡಿಸಬೇಕೆಂಬ ಆಸೆಯುಳ್ಳವರು ನನ್ನ ಪರಿಚಯದಲ್ಲೇ ಮೂವರಿದ್ದಾರೆ. ಅವರಲ್ಲೊಬ್ಬರು ಕಳೆದ ತಿಂಗಳು ಎಂಜಿ ಕಂಪನಿಯ ಎಂಜಿಬಿ ರೋಡ್‌ಸ್ಟರ್ (ಗಟ್ಟಿ ಮೇಲ್ಛಾವಣಿ ಇಲ್ಲದ ಕಾರು) ಒಂದನ್ನು ನೋಡಿ ಬಂದು, "ಎಂಜಿನ್ ಚೆನ್ನಾಗಿ ಓಡುತ್ತಿದೆ, ಪೇಂಟ್ ಹೊಸದು, ಮುಂಗಡ ಕೊಟ್ಟುಬಿಡಲೇ?" ಎಂದು ಕೇಳಿದರು. 2021ರಲ್ಲಿ ನಾನೂ ಈ ಎರಡು ಸಂಗತಿಗಳನ್ನಷ್ಟೇ ನೋಡಿ ಹಣ ಎಣಿಸಿದ್ದೆ. ಆಮೇಲೆ ನಡೆದದ್ದನ್ನು ಅವರಿಗೆ ಹೇಳಿದೆ. ಅದನ್ನೇ ಇಲ್ಲಿ ಇನ್ನಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಾನು ಕೊಂಡದ್ದು 1972ರ ಕಾರು. ಕ್ರೋಮ್ ಬಂಪರ್, 1798 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬ್ಯುರೇಟರ್, ಬಟ್ಟೆಯ ಮೇಲ್ಛಾವಣಿ. ಬೆಲೆ 4,800 ಪೌಂಡ್. ಹೊಸಬರಿಗೆ ಎಂಜಿಬಿಗಿಂತ ಅನುಕೂಲವಾದ ಹಳೆಯ ಕಾರು ಇಲ್ಲವೆಂದು ತಿಳಿದವರು ಹೇಳುತ್ತಾರೆ, ಆ ಮಾತು ಸುಳ್ಳಲ್ಲ. 1962ರಿಂದ 1980ರವರೆಗೆ, ಮುಖ್ಯವಾಗಿ ಆಬಿಂಗ್ಡನ್ ಕಾರ್ಖಾನೆಯಲ್ಲಿ, ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು. ಅಷ್ಟು ದೊಡ್ಡ ಸಂಖ್ಯೆಯಲ್ಲಿ ಹೊರಬಂದ ಕಾರಣ ಅದರ ಬಿಡಿಭಾಗಗಳು ಹೆಚ್ಚುಕಡಿಮೆ ಎಲ್ಲವೂ ಇಂದಿಗೂ ಹೊಸದಾಗಿ ಸಿಗುತ್ತವೆ. ಈ ಅನುಕೂಲವೇ ನನ್ನನ್ನು ದಾರಿ ತಪ್ಪಿಸಿತು. ಯಾವ ಭಾಗ ಹಾಳಾಗಿದ್ದರೂ ತರಿಸಿ ಹಾಕಿದರಾಯಿತು ಎಂದುಕೊಂಡೆನೇ ಹೊರತು, ಕೆಲವು ಭಾಗಗಳನ್ನು ತೆಗೆದ ಕ್ಷಣದಿಂದ ಹೊಸದನ್ನು ಕೂರಿಸುವವರೆಗೆ ಕಾರಿನ ಆಕಾರವನ್ನು ಯಾವುದು ಹಿಡಿದಿಟ್ಟಿರುತ್ತದೆ ಎಂದು ಯೋಚಿಸಲೇ ಇಲ್ಲ.

ಈ ಕಾರಿನ ರಚನೆಯನ್ನು ಸ್ವಲ್ಪ ವಿವರಿಸಬೇಕು. ಇದಕ್ಕಿಂತ ಹಿಂದಿನ ಎಂಜಿಎ ಕಾರಿನಲ್ಲಿ ಪ್ರತ್ಯೇಕ ಷಾಸಿ ಇತ್ತು, ಅದರ ಮೇಲೆ ಬಾಡಿಯನ್ನು ಕೂರಿಸುತ್ತಿದ್ದರು. ಎಂಜಿಬಿಯಲ್ಲಿ ಬೇರೆ ಷಾಸಿ ಇಲ್ಲ; ಬೆಸುಗೆ ಹಾಕಿದ ಉಕ್ಕಿನ ತಗಡುಗಳ ಬಾಡಿಯೇ ಎಲ್ಲ ಭಾರವನ್ನೂ ಹೊರುತ್ತದೆ. ಗಟ್ಟಿ ಮೇಲ್ಛಾವಣಿ ಇಲ್ಲದ ರೋಡ್‌ಸ್ಟರಿನಲ್ಲಿ ಮುಂಭಾಗವನ್ನು ಹಿಂಭಾಗದೊಂದಿಗೆ ಬಿಗಿದಿಡುವ ಕೆಲಸ ಬಹುಪಾಲು ಆಸನಗಳ ನಡುವೆ ಉದ್ದಕ್ಕೆ ಸಾಗುವ ಟನಲ್ ಮತ್ತು ಬಾಗಿಲುಗಳ ಕೆಳಗೆ ಎರಡೂ ಬದಿಯಲ್ಲಿ ಸಾಗುವ ಸಿಲ್‌ಗಳ ಮೇಲೆ ಬೀಳುತ್ತದೆ. ಹೊರಗಿನಿಂದ ಒಂದೇ ತಗಡಿನಂತೆ ಕಾಣುವ ಸಿಲ್ ನಿಜವಾಗಿ ಒಂದು ಉದ್ದನೆಯ ಪೆಟ್ಟಿಗೆ: ಹೊರ ಸಿಲ್, ಒಳ ಸಿಲ್, ಅವೆರಡರ ನಡುವೆ ನೆಟ್ಟಗೆ ನಿಂತ ಇನ್ನೊಂದು ತಗಡು, ಎಲ್ಲಕ್ಕೂ ಕೆಳಗೆ ಕ್ಯಾಸಲ್ ರೈಲ್ ಎಂದು ಕರೆಯುವ ಪಟ್ಟಿ. ಹೊರ ಸಿಲ್‌ನ ಮುಂದಿನ ತುದಿ ಮಡ್‌ಗಾರ್ಡ್‌ನ ಹಿಂದೆ ಮರೆಯಾಗಿರುತ್ತದೆ. ಚಕ್ರ ಎರಚಿದ ಕೆಸರು, ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪು, ಬಾಗಿಲಿನಿಂದ ಇಳಿದ ಮಳೆಯ ನೀರು ಅಲ್ಲಿ ಸೇರಿ, ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತ ಬರುತ್ತದೆ. ಪೇಂಟಿನ ಮೇಲೆ ಮೊದಲ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ತಗಡು ಎಷ್ಟೋ ಕಡೆ ಇಲ್ಲವಾಗಿರುತ್ತದೆ.

ನಾನು ಕೊಂಡ ಕಾರಿನಲ್ಲಿ ಗುಳ್ಳೆಯೂ ಇರಲಿಲ್ಲ, ಏಕೆಂದರೆ ಕೊಳೆತ ಸಿಲ್‌ನ ಮೇಲೆಯೇ ಹೊಸ ತಗಡು ಹೊದಿಸಿ, ಪುಟ್ಟಿ ತುಂಬಿ, ಪೇಂಟ್ ಹೊಡೆಯಲಾಗಿತ್ತು. ಮಾರಿದವರು ಖಾಸಗಿ ವ್ಯಕ್ತಿ. ಅಂಗಡಿಯಿಂದ ಕೊಂಡಾಗ ಸಿಗುವ ಗುಣಮಟ್ಟದ ಕಾನೂನು ರಕ್ಷಣೆ ಖಾಸಗಿ ಮಾರಾಟದಲ್ಲಿ ಸಿಗುವುದಿಲ್ಲವೆಂದೂ, ಅಲ್ಲಿ ವಸ್ತು ಮಾರುವವರು ಹೇಳಿದ ವಿವರಣೆಗೆ ಹೊಂದಿದ್ದರೆ ಸಾಕೆಂದೂ ನನಗೆ ತಿಳಿದದ್ದು ಹಣ ಕೊಟ್ಟ ಮೇಲೆ. ಎಂಒಟಿ, ಅಂದರೆ ಕಾರು ರಸ್ತೆಗೆ ಯೋಗ್ಯವೇ ಎಂದು ನೋಡುವ ಪರೀಕ್ಷೆ, ಬೇಕಿಲ್ಲ ಎಂಬ ಅವರ ಮಾತನ್ನು ನಾನು ಕಾರಿನ ಯೋಗ್ಯತೆಗೆ ಸಿಕ್ಕ ಮನ್ನಣೆಯೆಂದು ಭಾವಿಸಿದೆ. ನಲವತ್ತು ವರ್ಷ ದಾಟಿದ, ಹೆಚ್ಚು ಬದಲಾವಣೆ ಮಾಡದ ಕಾರುಗಳಿಗೆ ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿನಿಂದ ವಾರ್ಷಿಕ ಎಂಒಟಿ ಪರೀಕ್ಷೆಯ ವಿನಾಯಿತಿ ಇದೆ. ವಿನಾಯಿತಿ ಇರುವುದು ಪರೀಕ್ಷೆಗೆ ಮಾತ್ರ; ಕಾರು ರಸ್ತೆಗೆ ಯೋಗ್ಯವಾಗಿರಬೇಕೆಂಬ ಕಾನೂನು ಹಾಗೆಯೇ ಇದೆ, ಮತ್ತು ಬೇಕೆಂದರೆ ಸ್ವಇಚ್ಛೆಯಿಂದ ಪರೀಕ್ಷೆ ಮಾಡಿಸಬಹುದು. ಮಾರುವವರು ಇದಕ್ಕೆ ಒಪ್ಪದಿದ್ದರೆ ಅಲ್ಲಿಂದ ಹೊರಡುವುದೇ ಕ್ಷೇಮ.

ನನ್ನನ್ನು ಇಂದಿಗೂ ಕಾಡುವ ಸಂಗತಿ ಇನ್ನೊಂದಿದೆ. ನೋಂದಣಿ ಸಂಖ್ಯೆಯನ್ನು ನಮೂದಿಸಿದರೆ ಹಳೆಯ ಎಂಒಟಿ ಫಲಿತಾಂಶಗಳನ್ನು ಸರ್ಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಕಾರು ಮನೆಗೆ ಬಂದು ನಾಲ್ಕು ತಿಂಗಳಾದ ಮೇಲೆ ನೋಡಿದೆ. 2016ರ ಪರೀಕ್ಷೆಯಲ್ಲಿ ಎರಡೂ ಸಿಲ್‌ಗಳ ತುಕ್ಕಿನ ಕಾರಣಕ್ಕೆ ಕಾರು ಅನುತ್ತೀರ್ಣವಾಗಿತ್ತು. ಎರಡು ವಾರಗಳಲ್ಲಿ ಹೇಗೋ ಉತ್ತೀರ್ಣವಾಗಿತ್ತು. ಐದು ನಿಮಿಷದ ಕೆಲಸವನ್ನು ನಾನು ಮಾಡದೇ ಹೋದೆ.

ಒಳಗಿನ ಸ್ಥಿತಿ ಗೊತ್ತಾದಾಗ ನನಗೆ ಗಾಬರಿಗಿಂತ ಉತ್ಸಾಹವೇ ಹೆಚ್ಚಾಗಿತ್ತೆಂದು ಒಪ್ಪಿಕೊಳ್ಳಬೇಕು. ಸಂಜೆಯ ತರಗತಿಗೆ ಹೋಗಿ ಹತ್ತು ವಾರ ಮಿಗ್ ವೆಲ್ಡಿಂಗ್ ಕಲಿತೆ. ಎಂಜಿನ್, ಗೇರ್‌ಬಾಕ್ಸ್, ಆಸನ, ಬಾಗಿಲು ಎಲ್ಲವನ್ನೂ ಬಿಚ್ಚಿದೆ. ಬಾಡಿಯ ಮುಂದಿನ ಮತ್ತು ಹಿಂದಿನ ತುದಿಗಳ ಕೆಳಗೆ ನಾಲ್ಕು ಸ್ಟ್ಯಾಂಡ್ ಇಟ್ಟು, ಒಂದೇ ಶನಿವಾರ ಎರಡೂ ಬದಿಯ ಸಿಲ್‌ಗಳನ್ನು ಗ್ರೈಂಡರಿನಿಂದ ಕತ್ತರಿಸಿ ತೆಗೆದೆ. ಈ ಒಂದು ವಾಕ್ಯದಲ್ಲಿ ಮೂರು ತಪ್ಪುಗಳಿವೆ, ಒಂದೊಂದೂ ಕಾರನ್ನು ಕೆಡಿಸಲು ಸಾಕು. ಎರಡೂ ಬದಿಯನ್ನು ಒಟ್ಟಿಗೆ ಕತ್ತರಿಸಬಾರದಿತ್ತು. ಒಂದು ಬದಿಯನ್ನು ಪೂರ್ತಿ ಮುಗಿಸಿಯೇ ಇನ್ನೊಂದನ್ನು ಮುಟ್ಟಬೇಕಿತ್ತು. ಕತ್ತರಿಸುವ ಮುನ್ನ ಬಾಗಿಲಿನ ಚೌಕಟ್ಟಿನ ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ, ಹಾಗೆಯೇ ಕಾರಿನ ಅಡ್ಡಲಾಗಿ, ಗಟ್ಟಿ ಕಬ್ಬಿಣದ ಕೊಳವೆಗಳನ್ನು ಬಿಗಿದು ಆಕಾರವನ್ನು ಹಿಡಿದಿಡಬೇಕಿತ್ತು. ತುದಿಗಳಲ್ಲಿ ಮಾತ್ರ ಆಧಾರ ಕೊಟ್ಟಾಗ ನಡುಭಾಗ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ ಎಂಬುದನ್ನು ಹಗ್ಗದ ಮಂಚ ನೋಡಿದ ಯಾರಾದರೂ ಊಹಿಸಬಹುದಿತ್ತು, ನಾನು ಊಹಿಸಲಿಲ್ಲ.

ಕುಸಿತ ಕಣ್ಣಿಗೆ ಕಾಣುವುದಿಲ್ಲ. ಬಾಗಿಲು ಗೋಡೆಗೆ ಒರಗಿ ನಿಂತಿದ್ದರಿಂದ ಅಳೆದು ನೋಡುವ ಸಾಧನವೂ ಎದುರಿಗಿರಲಿಲ್ಲ. ಹೊಸ ಸಿಲ್‌ಗಳನ್ನು ಬೆಸೆದು, ಬೆಸುಗೆಯನ್ನು ಉಜ್ಜಿ, ಪ್ರೈಮರ್ ಹೊಡೆದು, ಆರು ವಾರಗಳ ನಂತರ ಬಲಬಾಗಿಲನ್ನು ಕೂರಿಸಲು ಹೋದಾಗ ಅದು ಮುಚ್ಚಲಿಲ್ಲ. ಬಾಗಿಲಿನ ಹಿಂದಿನ ಅಂಚಿನಲ್ಲಿ ಸಂದು ಕೆಳಗೆ 9 ಮಿ.ಮೀ. ಇದ್ದರೆ ಮೇಲೆ 2 ಮಿ.ಮೀ.ಗೆ ಇಳಿದಿತ್ತು. ಎಡಬದಿಯೂ ಹಾಗೆಯೇ. ಕೀಲುಗಳನ್ನು ಎಷ್ಟು ಸರಿಸಿದರೂ ಪ್ರಯೋಜನವಾಗಲಿಲ್ಲ, ಏಕೆಂದರೆ ತಪ್ಪು ಇದ್ದದ್ದು ಬಾಗಿಲಿನಲ್ಲಲ್ಲ. ಕಾರೇ ನಡುವಿನಲ್ಲಿ ಬಗ್ಗಿತ್ತು, ಆ ಬಾಗನ್ನು ನಾನೇ ನನ್ನ ಬೆಸುಗೆಯಿಂದ ಶಾಶ್ವತಗೊಳಿಸಿದ್ದೆ. ಆದ್ದರಿಂದಲೇ ಅನುಭವಿಗಳು ಸಿಲ್ ಅನ್ನು ಮೊದಲು ಕ್ಲ್ಯಾಂಪುಗಳಲ್ಲಿ ಹಿಡಿಸಿ, ಬಾಗಿಲನ್ನು ಕೂರಿಸಿ, ಮುಚ್ಚಿ ತೆರೆದು ನೋಡಿ, ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿ, ಮತ್ತೆ ಬಾಗಿಲನ್ನು ಪರೀಕ್ಷಿಸಿ, ಆನಂತರವೇ ಪೂರ್ತಿ ಬೆಸೆಯುತ್ತಾರೆ. ಅವರಿಗೆ ಬಾಗಿಲೇ ಅಳತೆಗೋಲು.

ಇಲ್ಲಿಗೆ ನಿಲ್ಲಿಸಿ ತಿಳಿದವರೊಬ್ಬರನ್ನು ಕರೆಸಿ ತೋರಿಸಬೇಕಿತ್ತು. ಅವಮಾನವೆನಿಸಿ, ಬೇಗ ಮುಗಿಸಿಕೊಡುತ್ತೇವೆ ಎಂದ ಒಂದು ಗ್ಯಾರೇಜಿಗೆ ಕಾರನ್ನು ಒಪ್ಪಿಸಿದೆ. 3,000 ಪೌಂಡ್ ಮುಂಗಡ ಕೊಟ್ಟೆ. ಏನು ಮಾಡುತ್ತಾರೆ, ಯಾವ ಹಂತದಲ್ಲಿ ಎಷ್ಟು ಹಣ, ಎಂದು ಮುಗಿಯುತ್ತದೆ ಎಂಬ ಯಾವುದನ್ನೂ ಬರಹದಲ್ಲಿ ಪಡೆಯಲಿಲ್ಲ. ಏಳು ತಿಂಗಳ ನಂತರ ಕಾರು ಹಿಂದಿರುಗಿದಾಗ ಬಾಗಿಲುಗಳು ಮುಚ್ಚುತ್ತಿದ್ದವು, ಸಂದು ಒಂದೇ ಅಳತೆಯಲ್ಲಿತ್ತು. ನನಗೆ ಕಣ್ಣು ತುಂಬಿ ಬಂದಿತ್ತು. ಮೊದಲ ಚಳಿಗಾಲ ಕಳೆಯುವಷ್ಟರಲ್ಲಿ ಬಾಗಿಲಿನ ಹಿಂದಿನ ಅಂಚಿನಲ್ಲಿ ಬಿರುಕು ಬಿಟ್ಟಿತು. ಬಾಡಿಯನ್ನು ನೇರ ಮಾಡುವ ಬದಲು ಬಾಗಿಲುಗಳ ಮೇಲಿನ ಮೂಲೆಗಳನ್ನೇ ಉಜ್ಜಿ ಚಿಕ್ಕದು ಮಾಡಿ, ಕೆಳಗಿನ ಅಂತರವನ್ನು ಪುಟ್ಟಿಯಿಂದ ತುಂಬಿದ್ದರು. ಕೆಟ್ಟ ಸಿಲ್‌ಗಳ ಜೊತೆಗೆ ಎರಡು ಒಳ್ಳೆಯ ಬಾಗಿಲುಗಳೂ ಹೋದವು. ಸೇವೆಯನ್ನು ತಕ್ಕಷ್ಟು ಕಾಳಜಿ ಮತ್ತು ಕೌಶಲದಿಂದ ಮಾಡಬೇಕೆಂದು 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಹೇಳುತ್ತದೆ, ಹಾಗೆ ಮಾಡದಿದ್ದರೆ ಮತ್ತೆ ಮಾಡಿಕೊಡುವಂತೆ ಕೇಳುವ ಹಕ್ಕೂ ಇದೆ. ಆದರೆ ಒಪ್ಪಿಕೊಂಡ ಕೆಲಸ ಬಾಡಿಯನ್ನು ನೇರ ಮಾಡುವುದೋ, ಬಾಗಿಲು ಮುಚ್ಚುವಂತೆ ಮಾಡುವುದೋ ಎಂಬುದಕ್ಕೆ ನನ್ನಲ್ಲಿ ಒಂದು ಚೀಟಿಯೂ ಇರಲಿಲ್ಲ. ಟಿಂಕರಿಂಗ್‌ಗೆ ಕೊಡುವವರು ಪ್ರತಿ ಹಂತದ ಫೋಟೋ, ಪೇಂಟ್ ಹೊಡೆಯುವ ಮುನ್ನ ಬರಿಯ ಲೋಹವನ್ನು ಸ್ವತಃ ನೋಡುವ ಅವಕಾಶ, ಹಂತಹಂತವಾಗಿ ಪಾವತಿ ಇವಿಷ್ಟನ್ನು ಮೊದಲೇ ಬರೆಸಿಕೊಳ್ಳಬೇಕೆಂದು ಕೈಮುಗಿದು ಕೇಳುತ್ತೇನೆ.

ಹಣ ಹೋದರೆ ದುಡಿಯಬಹುದು, ಉಸಿರಿನ ವಿಷಯ ಹಾಗಲ್ಲ. ಇಷ್ಟು ಹಳೆಯ ಕಾರಿನ ಬ್ರೇಕ್ ಮತ್ತು ಕ್ಲಚ್ ಲೈನಿಂಗ್‌ಗಳಲ್ಲಿ ಕಲ್ನಾರು ಇರಬಹುದು. ಹಿಂಬದಿಯ ಡ್ರಮ್‌ಗಳನ್ನು ಬಿಚ್ಚಿದಾಗ ನಾನು ಗಾಳಿ ಊದಿ ಧೂಳು ಹಾರಿಸಿದೆ, ಅದನ್ನು ಎಂದಿಗೂ ಮಾಡಬಾರದು. ಟೂ-ಪ್ಯಾಕ್ ಪೇಂಟ್‌ನ ಗಟ್ಟಿಕಾರಕದಲ್ಲಿ ಐಸೋಸಯನೇಟ್ ಇರುತ್ತದೆ. ಅದರ ಮಂಜು ಉಸಿರಾಟದಲ್ಲಿ ಸೇರಿದರೆ ಜೀವನಪೂರ್ತಿ ಕಾಡುವ ಆಸ್ತಮಾ ಬರಬಹುದು, ಸಾಮಾನ್ಯ ಮುಖವಾಡ ಅದನ್ನು ತಡೆಯುವುದಿಲ್ಲ, ಹೊರಗಿನ ಶುದ್ಧ ಗಾಳಿ ಪೂರೈಸುವ ಮುಖವಾಡವೇ ಬೇಕು. ಮನೆಯ ಗ್ಯಾರೇಜಿನಲ್ಲಿ ಅದನ್ನು ಹೊಡೆಯುವ ಯೋಚನೆಯನ್ನು ಬಿಟ್ಟುಬಿಡಿ. ವೆಲ್ಡಿಂಗ್‌ಗೆ ಮುನ್ನ ಪೆಟ್ರೋಲ್ ಟ್ಯಾಂಕನ್ನು ಕಳಚಿ ಕಟ್ಟಡದಿಂದಲೇ ಹೊರಗೆ ಸಾಗಿಸಿ, ಬ್ಯಾಟರಿಯನ್ನೂ ಆಲ್ಟರ್ನೇಟರನ್ನೂ ಬೇರ್ಪಡಿಸಿ.

ಉಳಿದ ತಪ್ಪುಗಳು ಚಿಕ್ಕವು. ಎಂಜಿಬಿಯ ಬೋಲ್ಟುಗಳು ಬಹುಪಾಲು ಇಂಚಿನ ಅಳತೆಯ ಯುಎನ್‌ಎಫ್. ಮೆಟ್ರಿಕ್ ಸ್ಪ್ಯಾನರ್ ಹಾಕಿ ನಾನು ಹಲವಾರು ತಲೆಗಳನ್ನು ಸವೆಸಿದೆ. ಚೀಲಗಳ ಮೇಲೆ ಹೆಸರು ಬರೆಯದೆ ಬಿಚ್ಚಿಟ್ಟ ಸಾಮಾನುಗಳನ್ನು ಗುರುತಿಸಲು ಒಂದು ತಿಂಗಳೇ ಹಿಡಿಯಿತು. 2021ರ ಸೆಪ್ಟೆಂಬರಿನಿಂದ ಇಲ್ಲಿ ಸಾಮಾನ್ಯ ಪೆಟ್ರೋಲ್ ಇ10, ಅಂದರೆ ಶೇಕಡಾ ಹತ್ತರವರೆಗೆ ಎಥನಾಲ್ ಬೆರೆತದ್ದು, ಆಗಿರುವುದರಿಂದ ಎಥನಾಲ್ ಕೆಡಿಸಬಹುದಾದ ಹಳೆಯ ರಬ್ಬರ್ ಕೊಳವೆಗಳನ್ನೆಲ್ಲ ಬದಲಿಸಿ, ಸಾಧ್ಯವಾದಷ್ಟು ಇ5 (ಎಥನಾಲ್ ಶೇಕಡಾ ಐದರವರೆಗೆ ಮಾತ್ರ) ಸಿಗುವ ಸೂಪರ್ ದರ್ಜೆಯನ್ನೇ ಹಾಕುವುದು ಒಳ್ಳೆಯದು.

ಕೊನೆಗೆ ಹಳೆಯ ಸ್ಪೋರ್ಟ್ಸ್ ಕಾರುಗಳ ಬಾಡಿ ಕೆಲಸವನ್ನೇ ಮಾಡುವ ಒಬ್ಬ ಪರಿಣತರಿಗೆ ಶುಲ್ಕ ಕೊಟ್ಟು ಲಿಖಿತ ವರದಿ ಪಡೆದೆ. ಅವರು ಎರಡು ದಾರಿ ತೋರಿಸಿದರು. ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ ಮೂಲ ಅಚ್ಚುಗಳಿಂದ ಇಂದಿಗೂ ತಯಾರಿಸುವ ಹೊಸ ಬಾಡಿಶೆಲ್ ಕೊಳ್ಳುವುದು ಮೊದಲನೆಯದು. ಅದರ ಬೆಲೆ ನಾನು ಕಾರಿಗೆ ಕೊಟ್ಟದ್ದರ ಎರಡರಷ್ಟಕ್ಕಿಂತ ಹೆಚ್ಚು. ಈಗಿರುವ ಬಾಡಿಯನ್ನು ಜಿಗ್, ಅಂದರೆ ಆಕಾರವನ್ನು ಅಳತೆಗೆ ಹಿಡಿದಿಡುವ ಗಟ್ಟಿ ಚೌಕಟ್ಟಿನ, ಮೇಲೆ ಬಿಗಿದು, ನಾನು ಹಾಕಿದ ಸಿಲ್‌ಗಳನ್ನು ಕತ್ತರಿಸಿ, ಎಳೆದು ನೇರ ಮಾಡಿ ಮತ್ತೆ ಬೆಸೆಯುವುದು ಎರಡನೆಯದು. ಎರಡನೆಯದನ್ನೇ ಆರಿಸಿಕೊಂಡೆ. ಎಡಬದಿ ಮುಗಿದಿದೆ, ಹಳೆಯ ಕಾರೊಂದರಿಂದ ತಂದ ಬಾಗಿಲು ಎರಡು ಬೆರಳಿನಿಂದ ತಳ್ಳಿದರೆ ಮುಚ್ಚುತ್ತದೆ. ಬಲಬದಿಯ ಕೆಲಸ ಮುಂದಿನ ತಿಂಗಳು. ಇದುವರೆಗಿನ ಖರ್ಚು, ಕೊಂಡ ಬೆಲೆಯೂ ಸೇರಿ, 17,000 ಪೌಂಡ್ ದಾಟಿದೆ. ಅದಕ್ಕಿಂತ ಕಡಿಮೆ ಹಣಕ್ಕೆ ಗಟ್ಟಿಮುಟ್ಟಾದ ಎಂಜಿಬಿಯನ್ನೇ ಕೊಂಡು ಮರುದಿನವೇ ಓಡಿಸಬಹುದಿತ್ತು.

ಮುಂಗಡ ಕೊಡಲೇ ಎಂದು ಕೇಳಿದ್ದ ಸ್ನೇಹಿತರ ಜೊತೆ ಕಳೆದ ಶನಿವಾರ ನಾನೇ ಹೋಗಿದ್ದೆ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಸಿಲ್‌ನ ಉದ್ದಕ್ಕೂ ಹಿಡಿದು ನೋಡಿದೆವು. ಹಿಂಬದಿಯ ಚಕ್ರದ ಹತ್ತಿರ ಒಂದು ಗೇಣಿನಷ್ಟು ಜಾಗದಲ್ಲಿ ಅದು ಅಂಟಲಿಲ್ಲ. ಮಾರುವವರ ಒಪ್ಪಿಗೆ ಪಡೆದು, ಜಾಕ್ ಹಾಕುವ ಜಾಗದಲ್ಲೇ ಇಟ್ಟು ಬಲಬದಿಯನ್ನು ನಿಧಾನವಾಗಿ ಎತ್ತಿಸಿದೆವು. ಗಟ್ಟಿ ಸಿಲ್ ಇದ್ದರೆ ಬಾಗಿಲಿನ ಸಂದು ಬದಲಾಗಬಾರದು. ಚಕ್ರ ನೆಲ ಬಿಡುವ ಮೊದಲೇ ಸಂದು ಬದಲಾಯಿತು, ಬಾಗಿಲು ಬಿಗಿದುಕೊಂಡು ತೆರೆಯದೇ ಹೋಯಿತು. ಜಾಕ್ ಇಳಿಸಿ, ಅವರಿಗೆ ವಂದಿಸಿ, ಮುಂಗಡ ಕೊಡದೆ ಹೊರಟುಬಂದೆವು.