ಮಡಿಕೇರಿಯ ನಿವೃತ್ತಿ ಶಿಬಿರಕ್ಕೆ ಹೋಗಿ ಬಂದೆ: ಎಲ್ಲ ಇಲಾಖೆಗಳೂ ಒಂದೇ ಹಾಲ್‌ನಲ್ಲಿ

ಈ ವರ್ಷ ನಿವೃತ್ತರಾಗುವ ಸರ್ಕಾರಿ ನೌಕರರಿಗಾಗಿ ಮಡಿಕೇರಿಯಲ್ಲಿ ಒಂದು ದಿನದ ಶಿಬಿರ ಇತ್ತು. ನಾನು ಹೋಗಿದ್ದೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಇನ್ನೊಂದು ಸಲ ನಡೆದರೆ, ಮನೆಯಲ್ಲಿ ಕಾಫಿ ಕುಯ್ಲು ನಡೀತಾ ಇದ್ದರೂ ಒಂದು ದಿನ ಬಿಟ್ಟು ಹೋಗಿ.

ನಾನು ಪೊನ್ನಂಪೇಟೆ ತಾಲ್ಲೂಕಿನ ಪ್ರಾಥಮಿಕ ಶಾಲೆಯೊಂದರ ಟೀಚರ್. 1994ರಲ್ಲಿ ಕೆಲಸಕ್ಕೆ ಸೇರಿದವಳು. ಮೇ 31ಕ್ಕೆ ನಿವೃತ್ತಿ. ನಮ್ಮ ಕಾಲದವರಲ್ಲಿ ಬಹಳ ಜನರ ಹುಟ್ಟಿದ ದಿನ ಜೂನ್ 1, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಕು ಅದು. ಹಾಗಾಗಿ ಮೇ ಕೊನೆಗೆ ಕಚೇರಿಗಳಲ್ಲಿ ನಿವೃತ್ತಿ ಕಡತಗಳು ರಾಶಿ ಬೀಳುತ್ತವೆ. ಶಿಬಿರವನ್ನು ಜನವರಿಯಲ್ಲೇ ಇಟ್ಟಿದ್ದು ಅದಕ್ಕೇ ಅಂತ ಕಾಣುತ್ತದೆ. ಒಳ್ಳೆಯದೇ ಆಯಿತು.

ನನ್ನ ತೊಂದರೆ ಏನು ಅಂದರೆ ಹೆಸರು. ಕೊಡಗಿನವರಿಗೆ ಇದು ಹೇಳದೆಯೇ ಅರ್ಥವಾಗುತ್ತದೆ. ನಮ್ಮಲ್ಲಿ ಹೆಸರಿನ ಮುಂದೆ ಮನೆ ಹೆಸರು ಬರುತ್ತದೆ, ಮದುವೆಯಾದ ಮೇಲೆ ಹೆಣ್ಣುಮಕ್ಕಳಿಗೆ ಗಂಡನ ಮನೆ ಹೆಸರು ಸೇರುತ್ತದೆ. ನಾನು ಕೆಲಸಕ್ಕೆ ಸೇರಿದಾಗ ಮದುವೆ ಆಗಿರಲಿಲ್ಲ. ಎಸ್‌ಆರ್‌ನಲ್ಲಿ, ಅಂದರೆ ಸೇವಾ ವಹಿಯಲ್ಲಿ, ತವರಿನ ಮನೆ ಹೆಸರಿದೆ. ಜಿಪಿಎಫ್, ಅಂದರೆ ಭವಿಷ್ಯ ನಿಧಿ ಖಾತೆಯಲ್ಲೂ ಅದೇ. ಮೊದಲ ಕೆಜಿಐಡಿ, ಅಂದರೆ ಸರ್ಕಾರಿ ವಿಮಾ ಇಲಾಖೆಯ ಪಾಲಿಸಿಯಲ್ಲೂ ಅದೇ. ಆಮೇಲೆ ಸಂಬಳ ಏರಿದ ಹಾಗೆ ಮಾಡಿಸಿದ ಪಾಲಿಸಿಗಳಲ್ಲಿ ಗಂಡನ ಮನೆ ಹೆಸರು ಬಂದಿದೆ. ಆಧಾರ್, ಪಾನ್, ಬ್ಯಾಂಕ್ ಎಲ್ಲದರಲ್ಲೂ ಗಂಡನ ಮನೆ ಹೆಸರೇ. ಮೂವತ್ತು ವರ್ಷ ಇದು ಯಾರಿಗೂ ತೊಂದರೆ ಅನ್ನಿಸಲಿಲ್ಲ, ಪ್ರತಿ ತಿಂಗಳೂ ಸಂಬಳ ಬಂತು, ಕಡಿತವೂ ಆಯಿತು. ದುಡ್ಡು ವಾಪಸ್ ಕೊಡುವ ಹೊತ್ತಿಗೆ ಮಾತ್ರ ನಾನು ಇಬ್ಬರು ಹೆಂಗಸರಾಗಿಬಿಟ್ಟೆ.

ಎಂಟು ತಿಂಗಳು ಓಡಾಡಿದೆ. ಒಂದು ಕಚೇರಿಯಲ್ಲಿ, ಎಸ್‌ಆರ್‌ನಲ್ಲಿ ಹೆಸರು ಬದಲಾಗಿದೆ ಅಂತ ಮೊದಲು ಬರೆಸಿಕೊಂಡು ಬನ್ನಿ ಅಂದರು. ಇನ್ನೊಂದು ಕಚೇರಿಯಲ್ಲಿ, ಅಲ್ಲಿ ಸರಿಯಾದರೆ ನಾವು ಬರೆಯುತ್ತೇವೆ ಅಂದರು. ಎರಡೂ ಕಡೆ ಮರ್ಯಾದೆಯಿಂದಲೇ ಮಾತಾಡಿದರು, ಕೂರಿಸಿದರು, ಆದರೆ ಒಬ್ಬರು ಇನ್ನೊಬ್ಬರಿಗೆ ಒಂದು ಫೋನ್ ಮಾಡಲಿಲ್ಲ. ನಾನೇ ಟಪಾಲು ಆಗಿ ಬಸ್ಸಿನಲ್ಲಿ ಹೋಗಿ ಬಂದೆ. ಪ್ರತಿ ಸಲ ಒಂದು ಸಿಎಲ್ (ಸಾಂದರ್ಭಿಕ ರಜೆ) ಹೋಯಿತು. ಮಕ್ಕಳ ಪಾಠ ಹೋಯಿತು, ನಮ್ಮದು ಇಬ್ಬರೇ ಟೀಚರ್ ಇರುವ ಶಾಲೆ.

ನಮ್ಮ ಮಾವ ಕೊಡಗು ಬೇರೆ ರಾಜ್ಯವಾಗಿದ್ದಾಗ ಕೆಲಸಕ್ಕೆ ಸೇರಿದವರು. 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರಿಗೆ ಸೇರಿದ ಮೇಲೂ ಬಹಳ ಕಾಲ ಕಚೇರಿಗಳೆಲ್ಲ ಮಡಿಕೇರಿ ಕೋಟೆಯೊಳಗೇ ಇದ್ದವು, ಒಂದು ಬಾಗಿಲಿನಿಂದ ಹೊರಗೆ ಬಂದು ಇನ್ನೊಂದು ಬಾಗಿಲಿಗೆ ಹೋದರೆ ಆಯಿತು, ಗುಮಾಸ್ತರು ಮಧ್ಯಾಹ್ನ ಒಟ್ಟಿಗೆ ಕೂತು ಊಟ ಮಾಡುವಾಗಲೇ ಅರ್ಧ ಕಡತ ಮುಗಿದಿರುತ್ತಿತ್ತು ಅಂತ ಅವರು ಹೇಳುತ್ತಿದ್ದರು. ಈಗ ಕಚೇರಿ ಜಾಸ್ತಿಯಾಗಿದೆ, ಕೆಲಸವೂ ಜಾಸ್ತಿಯಾಗಿದೆ, ಎಲ್ಲ ಊರ ತುಂಬ ಹರಡಿಕೊಂಡಿವೆ. ಅದು ತಪ್ಪಲ್ಲ. ಆದರೆ ಆ ಊಟದ ಹೊತ್ತಿನ ಮಾತುಕತೆಯ ಜಾಗಕ್ಕೆ ಬೇರೆ ಏನೂ ಬಂದಿಲ್ಲ ಅಲ್ವಾ? ಈ ಶಿಬಿರದಲ್ಲಿ ನನಗೆ ಸಿಕ್ಕಿದ್ದು ಅದೇ.

ಹಾಲ್‌ನಲ್ಲಿ ಉದ್ದಕ್ಕೆ ಟೇಬಲ್ ಹಾಕಿದ್ದರು. ಖಜಾನೆ, ಕೆಜಿಐಡಿ, ಪಿಂಚಣಿ ಕಾಗದ ನೋಡುವವರು, ಎನ್‌ಪಿಎಸ್ ಅನ್ನುವ ಹೊಸ ಪಿಂಚಣಿಯವರು, ಆರೋಗ್ಯ ಸಂಜೀವಿನಿ ಅನ್ನುವ ನೌಕರರ ನಗದುರಹಿತ ಚಿಕಿತ್ಸಾ ಯೋಜನೆಯವರು, ಮತ್ತೆ ಬೇರೆ ಬೇರೆ ಇಲಾಖೆಗಳ ಕೇಸ್ ವರ್ಕರ್‌ಗಳು. ನಮ್ಮ ಎಸ್‌ಆರ್‌ಗಳನ್ನು ಕಚೇರಿಯಿಂದಲೇ ತರಬೇಕು ಅಂತ ಸುತ್ತೋಲೆಯಲ್ಲಿ ಬರೆದಿದ್ದರು. ನನ್ನದು ಬಂದಿತ್ತು. ಪಕ್ಕದಲ್ಲಿದ್ದ ಅರಣ್ಯ ಇಲಾಖೆಯ ಒಬ್ಬರದ್ದು ಬಂದಿರಲಿಲ್ಲ, ಪಾಪ, ಅವರು ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು ಬಂದಿದ್ದರು.

ಬಾಗಿಲ ಹತ್ತಿರದ ಟೇಬಲ್‌ನಲ್ಲಿ ಒಬ್ಬ ಹುಡುಗ ಇದ್ದ, ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕ. ವಯಸ್ಸು ಮೂವತ್ತು ದಾಟಿಲ್ಲ. ಅವನ ಕೆಲಸ ಇಷ್ಟೇ: ಬಂದವರ ತೊಂದರೆ ಕೇಳಿ ಒಂದು ಹಾಳೆಯಲ್ಲಿ ಬರೆಯುವುದು, ಯಾವ ಟೇಬಲ್‌ಗೆ ಮೊದಲು, ಯಾವುದಕ್ಕೆ ಆಮೇಲೆ ಅಂತ ನಂಬರ್ ಹಾಕುವುದು. ನಾನು ಹೆಸರಿನ ಕಥೆ ಹೇಳಿದೆ. "ಟೀಚರೇ, ನೀವು ಎಲ್ಲಿಗೂ ಹೋಗಬೇಡಿ, ಇಲ್ಲೇ ಕೂತ್ಕೊಳ್ಳಿ" ಅಂದ. ಎದ್ದು ಹೋಗಿ ನಮ್ಮ ಇಲಾಖೆಯ ಕೇಸ್ ವರ್ಕರನ್ನೂ ಕೆಜಿಐಡಿಯವರನ್ನೂ ಕರೆದುಕೊಂಡು ಬಂದ. ಮೂವರೂ ನನ್ನ ಮುಂದೆ ನಿಂತು ಮಾತಾಡಿದರು. ಮದುವೆ ನೋಂದಣಿ ಪತ್ರ ಇದೆಯಾ? ಇದೆ. ಇಬ್ಬರೂ ಒಬ್ಬರೇ ಅನ್ನುವ ನೋಟರಿ ಅಫಿಡವಿಟ್? ಅದೂ ಇದೆ, ಆರು ಪ್ರತಿ ಇದೆ. ಹಾಗಾದರೆ ಮೊದಲು ಎಸ್‌ಆರ್‌ನಲ್ಲಿ ನಮೂದು, ಅದರ ದೃಢೀಕರಿಸಿದ ಪ್ರತಿ ಕೆಜಿಐಡಿಗೆ, ಇನ್ನೊಂದು ಪ್ರತಿ ಪಿಂಚಣಿ ಕಾಗದದ ಜೊತೆ ಪಿಂಚಣಿ ಲೆಕ್ಕ ನೋಡುವ ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ. ಹದಿನೈದು ನಿಮಿಷ ಆಗಿರಬಹುದು. ಎಂಟು ತಿಂಗಳ ಕೆಲಸ. ನನಗೆ ಕಣ್ಣಲ್ಲಿ ನೀರು ಬಂತು, ನಿಜವಾಗಿ ಹೇಳುತ್ತೇನೆ.

ಎರಡನೆಯದು ಗಳಿಕೆ ರಜೆ, ಅಂದರೆ ಇಎಲ್. ಇದನ್ನು ಟೀಚರ್‌ಗಳು ಗಮನ ಇಟ್ಟು ಓದಿ. ನಮಗೆ ಬೇಸಿಗೆ, ದಸರಾ ರಜೆ ಇರುವುದರಿಂದ ಬೇರೆ ಇಲಾಖೆಯವರ ಹಾಗೆ ವರ್ಷಕ್ಕೆ 30 ದಿನ ಇಎಲ್ ಸಿಗುವುದಿಲ್ಲ, 10 ದಿನ ಮಾತ್ರ. ನಿವೃತ್ತಿಯ ದಿನ ಉಳಿದ ಇಎಲ್‌ಗೆ ಹೆಚ್ಚೆಂದರೆ 300 ದಿನದವರೆಗೆ ದುಡ್ಡು ಕೊಡುತ್ತಾರೆ, ಅದಕ್ಕೇ ಒಂದೊಂದು ದಿನಕ್ಕೂ ಬೆಲೆ. ರಜೆಯಲ್ಲಿ ಸರ್ಕಾರಿ ಕೆಲಸಕ್ಕೆ ಹಾಕಿದರೆ ಅದಕ್ಕೆ ಇಎಲ್ ಸೇರಬೇಕು. ನಾನು 2010ರ ಬೇಸಿಗೆಯಲ್ಲಿ ಜನಗಣತಿಯ ಮನೆಪಟ್ಟಿ ಮಾಡಿದ್ದೇನೆ. 2015ರ ಏಪ್ರಿಲ್, ಮೇನಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಹೋಗಿದ್ದೇನೆ. ತೋಟದ ಕೂಲಿಯವರ ಲೈನ್‌ಮನೆಗಳು, ಬುಡಕಟ್ಟು ಜನರ ಹಾಡಿಗಳು, ಮಧ್ಯಾಹ್ನದ ಮೇಲೆ ಗುಡುಗು ಮಳೆ, ಹೋದ ಕಡೆ ಜನ ಕೆಲಸಕ್ಕೆ ಹೋಗಿರುತ್ತಾರೆ ಅಂತ ಸಂಜೆ ಮತ್ತೆ ಹೋಗಬೇಕಿತ್ತು. ಕೆಲಸ ಕೊಟ್ಟಿದ್ದು ಕಂದಾಯ ಇಲಾಖೆಯ ಮೂಲಕ, ರಜೆ ಸೇರಿಸಬೇಕಾದದ್ದು ಶಿಕ್ಷಣ ಇಲಾಖೆ. ಕೆಲಸ ಮಾಡಿದ ಪ್ರಮಾಣ ಪತ್ರ ಅಲ್ಲಿಂದ ಇಲ್ಲಿಗೆ ಬಂದರೆ ತಾನೇ ಎಸ್‌ಆರ್‌ನಲ್ಲಿ ಬರೆಯುವುದು. 2010ರದ್ದು ಬರೆದಿದ್ದಾರೆ. 2015ರದ್ದು ಇಲ್ಲ. ಇಷ್ಟು ವರ್ಷ ನಾನು ನೋಡಲೇ ಇಲ್ಲ, ನಮ್ಮ ಎಸ್‌ಆರ್ ನಮಗೆ ನೋಡಲು ಸಿಗುವುದೇ ಅಪರೂಪ. ಶಿಬಿರದಲ್ಲಿ ಆ ಹುಡುಗ ಪುಟ ತಿರುಗಿಸುತ್ತಾ ಕೇಳಿದ್ದಕ್ಕೆ ಗೊತ್ತಾಯಿತು.

ಪಿಂಚಣಿ ಟೇಬಲ್‌ನಲ್ಲಿ ಒಬ್ಬ ಹಿರಿಯರು ಬಹಳ ತಾಳ್ಮೆಯಿಂದ ವಿವರಿಸಿದರು. ಪೂರ್ತಿ ಸೇವೆ ಇದ್ದರೆ ಕೊನೆಯ ಮೂಲ ವೇತನದ ಅರ್ಧ ಪಿಂಚಣಿ, ಅದರಲ್ಲಿ ಮೂರನೇ ಒಂದು ಭಾಗದವರೆಗೆ ಒಟ್ಟಿಗೆ ದುಡ್ಡು ತೆಗೆದುಕೊಳ್ಳಬಹುದು, ಆ ಭಾಗ 15 ವರ್ಷ ಆದ ಮೇಲೆ ಪಿಂಚಣಿಗೆ ವಾಪಸ್ ಸೇರುತ್ತದೆ. ಏಳನೇ ವೇತನ ಆಯೋಗದ ಸಂಬಳ 2024ರ ಆಗಸ್ಟ್‌ನಿಂದ ಕೈಗೆ ಬಂದಿದ್ದರಿಂದ ನಮ್ಮ ಲೆಕ್ಕ ಹೊಸ ಮೂಲ ವೇತನದ ಮೇಲೆ. ನನ್ನ ಲೆಕ್ಕವನ್ನು ಅವರೇ ಪೆನ್ಸಿಲ್‌ನಲ್ಲಿ ಮಾಡಿ ತೋರಿಸಿದರು. ಒಟ್ಟು ದುಡ್ಡು ಜಾಸ್ತಿ ಬರುತ್ತದೆ ಅಂತ ಕಣ್ಣು ಮುಚ್ಚಿ ತೆಗೆದುಕೊಳ್ಳಬೇಡಿ, ಮನೆಯವರ ಜೊತೆ ಕೂತು ಯೋಚನೆ ಮಾಡಿ ಅಂದರು. ಹೀಗೆ ಹೇಳುವವರು ಬೇಕು.

2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರದ್ದು ಎನ್‌ಪಿಎಸ್, ಅವರ ಲೆಕ್ಕವೇ ಬೇರೆ. ಆ ಟೇಬಲ್ ಮುಂದೆ ಜನ ಜಾಸ್ತಿ ಇದ್ದರು, ಮುಖದಲ್ಲಿ ಚಿಂತೆಯೂ ಜಾಸ್ತಿ ಇತ್ತು. ಅವರಿಗೆ ಒಬ್ಬರೇ ಉತ್ತರ ಕೊಡುತ್ತಿದ್ದರು, ಅದು ಸಾಲದು.

ಆರೋಗ್ಯ ಸಂಜೀವಿನಿಯದ್ದೂ ಟೇಬಲ್ ಇತ್ತು. 2025ರ ಅಕ್ಟೋಬರ್‌ನಿಂದ ನಮ್ಮ ಸಿ ಗುಂಪಿನವರಿಗೆ ತಿಂಗಳಿಗೆ 350 ರೂಪಾಯಿ ಹಿಡಿಯುತ್ತಿದ್ದಾರೆ. ಯೋಜನೆ ಒಳ್ಳೆಯದೇ, ಮೊದಲು ಬಿಲ್ಲು ಕಟ್ಟಿ ಆಮೇಲೆ ವಾಪಸ್ ಬರಲಿ ಅಂತ ಕಾಯುವ ಕಷ್ಟ ಅನುಭವಿಸಿದವರಿಗೆ ಗೊತ್ತು. ಆದರೆ ದೊಡ್ಡ ಚಿಕಿತ್ಸೆ ಅಂದರೆ ಕೊಡಗಿನವರಿಗೆ ಮೈಸೂರು, ಇಲ್ಲ ಮಂಗಳೂರು. ಆಸ್ಪತ್ರೆಗಳ ಪಟ್ಟಿಯನ್ನು ದೂರದ ಲೆಕ್ಕದಲ್ಲಿ ಜೋಡಿಸಿ, ಒಂದು ಹಾಳೆ ಮಾಡಿ ಕೈಗೆ ಕೊಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಈಗ ಒಂದು ಅಂಕ ಕಡಿಮೆ ಮಾಡಿದ್ದಕ್ಕೆ ಕಾರಣ. ಬ್ಯಾಂಕಿನವರು ಯಾರೂ ಇರಲಿಲ್ಲ. ಪಿಂಚಣಿ ಬಂದು ಬೀಳುವುದೇ ಬ್ಯಾಂಕಿಗೆ, ಹೆಸರು ಸರಿ ಇರಬೇಕಾದದ್ದು ಅಲ್ಲೂ ಹೌದು. ಮತ್ತೆ, ಮಡಿಕೇರಿಯಲ್ಲಿ ಮಾತ್ರ ಮಾಡಿದ್ದು. ಬಿರುನಾಣಿ, ಕುಟ್ಟ ಕಡೆಯವರು ವಿರಾಜಪೇಟೆಗೆ ಬಂದು, ಅಲ್ಲಿಂದ ಬಸ್ಸು ಬದಲಾಯಿಸಿ ಮಡಿಕೇರಿಗೆ ಬರುವಾಗ ಹನ್ನೊಂದು ಗಂಟೆ. ಸಂಜೆ ಬಸ್ಸು ಸಿಗಬೇಕು ಅಂತ ಮೂರು ಗಂಟೆಗೇ ಎದ್ದು ಹೊರಟವರನ್ನು ನೋಡಿದೆ, ಅವರ ಹಾಳೆಯಲ್ಲಿ ಇನ್ನೂ ಎರಡು ಟೇಬಲ್ ಉಳಿದಿತ್ತು. ಒಂದು ದಿನ ವಿರಾಜಪೇಟೆಯಲ್ಲಿ, ಒಂದು ದಿನ ಸೋಮವಾರಪೇಟೆಯಲ್ಲಿ ಮಾಡಿದರೆ ಏನು ಕಷ್ಟ? ಟೇಬಲ್, ಕುರ್ಚಿ, ಹತ್ತು ಜನ, ಅಷ್ಟೇ ತಾನೇ.

ಎಲ್ಲರೂ ಒಟ್ಟಿಗೆ ಕೂರುವುದು ನಮ್ಮ ಜಿಲ್ಲೆಗೆ ಗೊತ್ತಿಲ್ಲದ ವಿಷಯವೂ ಅಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಕ್ಕಂದೂರು, ಜೋಡುಪಾಲ ಕಡೆಯ ಜನ ಉಟ್ಟ ಬಟ್ಟೆಯಲ್ಲಿ ಓಡಿ ಬಂದಾಗ ನಾನು ಒಂದು ಪರಿಹಾರ ಕೇಂದ್ರದಲ್ಲಿ ಕೆಲಸಕ್ಕಿದ್ದೆ. ಕಂದಾಯದವರು, ಆರೋಗ್ಯದವರು, ಆಹಾರ ಇಲಾಖೆಯವರು, ನಾವು ಟೀಚರ್‌ಗಳು, ಎಲ್ಲ ಒಂದೇ ತರಗತಿ ಕೋಣೆಯಲ್ಲಿ. ರೇಷನ್ ಕಾರ್ಡ್ ಮಣ್ಣಿನಡಿ ಹೋಗಿದೆ ಅಂತ ಒಬ್ಬ ಅಜ್ಜಿ ಅತ್ತರೆ, ಆಹಾರ ಇಲಾಖೆಯವರು ಅಲ್ಲೇ ಬರೆದುಕೊಂಡರು, ಔಷಧಿ ಚೀಟಿ ಕಳೆದುಹೋದವರಿಗೆ ಡಾಕ್ಟರ್ ಅಲ್ಲೇ ಬರೆದುಕೊಟ್ಟರು. ಇದು ನಿಮ್ಮ ಇಲಾಖೆ, ಇದು ನಮ್ಮ ಇಲಾಖೆ ಅಂತ ಆ ಕೋಣೆಯಲ್ಲಿ ಒಬ್ಬರೂ ಹೇಳಿದ್ದು ನಾನು ಕೇಳಲಿಲ್ಲ. ಆವಾಗ ಆದದ್ದು, ಮಳೆ ಇಲ್ಲದ ದಿನವೂ ಆಗಬೇಕು.

ಊಟ ಚೆನ್ನಾಗಿತ್ತು. ಕುಡಿಯಲು ಬಿಸಿನೀರು ಇಟ್ಟಿದ್ದರು. ಜೆರಾಕ್ಸ್ ಮೆಷಿನ್ ಹಾಲ್‌ನೊಳಗೇ ಇತ್ತು, ಅದು ದೊಡ್ಡ ಉಪಕಾರ.

ಹೋಗುವವರು ಮದುವೆ ನೋಂದಣಿ ಪತ್ರ, ನೋಟರಿ ಅಫಿಡವಿಟ್, ಎಲ್ಲ ಕೆಜಿಐಡಿ ಪಾಲಿಸಿ ನಂಬರ್, ಜಿಪಿಎಫ್‌ನ ವರ್ಷವರ್ಷದ ಲೆಕ್ಕದ ಚೀಟಿ, ರಜೆಯಲ್ಲಿ ಚುನಾವಣೆ, ಗಣತಿ ಕೆಲಸಕ್ಕೆ ಹಾಕಿದ ಆದೇಶಗಳು, ಇಷ್ಟನ್ನು ಒಂದು ಫೈಲಿನಲ್ಲಿ ಹಾಕಿಕೊಂಡು ಹೋಗಿ. ಬೆಳಿಗ್ಗೆ ಬೇಗ ತಲುಪಿ. ಎಸ್‌ಆರ್ ತರುತ್ತಾರಾ ಅಂತ ನಿಮ್ಮ ಕಚೇರಿಗೆ ಹಿಂದಿನ ದಿನವೇ ಫೋನ್ ಮಾಡಿ ಕೇಳಿ. ಅಲ್ಲಿ ನಿಮ್ಮ ಎಸ್‌ಆರ್ ಕೈಗೆ ಸಿಕ್ಕಾಗ ಮೊದಲ ಪುಟದಿಂದ ಕೊನೆಯ ಪುಟದವರೆಗೆ ನೀವೇ ಓದಿ, ನಾಚಿಕೆ ಬೇಡ.

ಶಿಬಿರ ಆಗಿ ಮೂರು ವಾರಕ್ಕೆ ಹೆಸರಿನ ನಮೂದು ಎಸ್‌ಆರ್‌ನಲ್ಲಿ ಬಂತು, ಕೆಜಿಐಡಿಗೆ ಪ್ರತಿಯೂ ಹೋಯಿತು. ಇದಕ್ಕೆ ನಾನು ಒಂದು ಸಲವೂ ಬಸ್ಸು ಹತ್ತಲಿಲ್ಲ. 2015ರ ಸಮೀಕ್ಷೆಯ ಪ್ರಮಾಣ ಪತ್ರ ಇನ್ನೂ ಬಂದಿಲ್ಲ. ಆ ಹುಡುಗ ಅದರ ಪತ್ರದ ನಂಬರನ್ನು ನನ್ನ ಹಾಳೆಯ ಹಿಂದೆ ಬರೆದುಕೊಟ್ಟಿದ್ದಾನೆ, ಸೋಮವಾರ ಫೋನ್ ಮಾಡಬೇಕು.